ನೀಲಿಯ ಹೊಟ್ಟೆಯೊಳಗಿನ ಧಣಿ

“ಅಂಗಿ ಎತ್ತೋ, ಬೋಳಿಮಗನೆ! ಅಮ್ಮ ಎಷ್ಟು ಹೊತ್ತು ಕಾಯಬೇಕು?”

ಆ ಬೈಗುಳ ಇಲ್ಲಿ ಯಾರಿಗೆ ಹೆಚ್ಚು ಒಪ್ಪುತ್ತದೆ ಎಂದು ನೀಲಿ ಒಳಗೊಳಗೇ ನಕ್ಕ. ಅವನ ಅಪ್ಪ ಇನ್ನೂ ಗಟ್ಟಿಮುಟ್ಟಾಗಿದ್ದ. ಗಂಡನನ್ನು ಕಳೆದುಕೊಂಡವರು, ಬೈದ ಚಿಕ್ಕ ಧಣಿಯ ತಾಯಿ ಅಮ್ಮಾವ್ರು, ಅವನ ಪಕ್ಕದಲ್ಲೇ ನಿಂತಿದ್ದರು.

ನೀಲಿ ಅಂಗಿ ಎತ್ತಿದ. ಹೊಟ್ಟೆಯ ಬಲಗಡೆ, ಸೊಂಟದ ಮೂಳೆಗಿಂತ ಸ್ವಲ್ಪ ಮೇಲೆ ಉದ್ದದ ಹೊಲಿಗೆ ಗುರುತು, ಅದರ ಕೆಳಗೆ ಸಣ್ಣದೊಂದು ಉಬ್ಬು. ಅಮ್ಮಾವ್ರು ಅವನು ಬಿಟ್ಟುಕೊಟ್ಟ ಕುರ್ಚಿಯಲ್ಲಿ ಕುಳಿತು ಆ ಉಬ್ಬಿನ ಮೇಲೆ ಅಂಗೈ ಇಟ್ಟರು.

“ರೀ, ಚೆನ್ನಾಗಿದೀರಾ? ಮೊಮ್ಮಗಳಿಗೆ ಹಲ್ಲು ಬಂತು. ನಿಮ್ಮ ಥರಾನೇ ಮುಂದಿನದು ಸೊಟ್ಟ.”

ಬಣ್ಣದ ತೊಟ್ಟಿಗಳ ಹಿಂದೆ ಹೆಂಗಸರು ನೂಲಿನ ಲಡಿಗಳಲ್ಲಿ ಮುಖ ಮರೆಸಿಕೊಂಡು ಕಿಸಕ್ಕೆಂದರು.

“ಇವತ್ತು ಅವರಿಗೆ ನೀರು ಕುಡಿಸಿದೀಯೇನೋ?” ಎಂದು ಅಮ್ಮಾವ್ರು ಹೊಟ್ಟೆಯನ್ನೇ ನೋಡುತ್ತಾ ನೀಲಿಯನ್ನು ಕೇಳಿದರು.

“ಒಂದು ಹೂಜಿ ಕುಡಿಸಿದೀನಿ ಅಮ್ಮಾವ್ರೆ.”

“ಬಿಸಿಲಿಗೆ ಕರ್ಕೊಂಡು ಹೋಗ್ಬೇಡ. ಭಾರ ಹೊರಿಸ್ಬೇಡ.”

“ಇಲ್ಲ ಅಮ್ಮಾವ್ರೆ. ಹೋದಲ್ಲೆಲ್ಲ ಹೊತ್ಕೊಂಡೇ ತಿರುಗ್ತಿದೀನಿ.”

ಚಿಕ್ಕ ಧಣಿ ಹಲ್ಲು ಕಡಿದ. ನೀಲಿ ಅವನ ಪಾಲಿಗೆ ಬಿಸಿ ತುಪ್ಪವಾಗಿದ್ದ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಇದೆಲ್ಲ ಶುರುವಾದದ್ದು ಒಂದು ಹಿತ್ತಾಳೆ ಬಿಲ್ಲೆಯಿಂದ. ನೂಲಿಗೆ ಬಣ್ಣ ಹಾಕುವ ಆ ಕೊಟ್ಟಿಗೆಯಲ್ಲಿ ಅಷ್ಟೂ ಜನಕ್ಕೆ ಕಕ್ಕಸಿಗೆ ಹೋಗಲು ಇದ್ದದ್ದು ಅದೊಂದೇ ಬಿಲ್ಲೆ. ಅದು ಮೇಸ್ತ್ರಿಯ ಮೇಜಿನ ಮೇಲಿರುತ್ತಿತ್ತು. ಬಿಲ್ಲೆ ಹಿಡಿದವನು ಹೋಗಬೇಕು, ಬಂದು ವಾಪಸ್ ಇಡಬೇಕು, ಆಮೇಲೆ ಮುಂದಿನವನು. ಮೇಸ್ತ್ರಿಗೆ ಮನಸ್ಸಿಲ್ಲದಿದ್ದರೆ ಬಿಲ್ಲೆ ಅವನ ಜೇಬಿಗೆ ಹೋಗುತ್ತಿತ್ತು. ದೊಡ್ಡ ಧಣಿಯೇ ಕಂಡುಹಿಡಿದ ಉಪಾಯವಂತೆ. ಅದಕ್ಕೇ ಅಲ್ಲಿ ಯಾರೂ ನೀರು ಕುಡಿಯುತ್ತಿರಲಿಲ್ಲ. ಕುದಿಯುವ ತೊಟ್ಟಿಗಳ ನಡುವೆ ಬೆವರು ಹರಿಸುತ್ತಾ, ನಾಲಗೆ ಒಣಗಿಸಿಕೊಂಡು ಸಂಜೆ ಮಾಡುತ್ತಿದ್ದರು. ನೀಲಿ ತೊಟ್ಟಿಗೆ ಲಡಿ ಅದ್ದಿ ಅದ್ದಿ ಇವನಿಗೆ ನೀಲಿ ಎಂಬ ಹೆಸರು ಅಂಟಿತು. ಉಗುರಿಗೆ ಅಂಟಿದ ಬಣ್ಣದ ಹಾಗೆ ಅದೂ ಹೋಗಲಿಲ್ಲ. ಕೊನೆಗೊಂದು ದಿನ ಕಾಲು ಊದಿ, ಮುಖ ಊದಿ, ಆಸ್ಪತ್ರೆಗೆ ಬಿದ್ದ. ಎರಡೂ ಕಿಡ್ನಿ ಕೈಕೊಟ್ಟಿದ್ದವು.

“ನೀರು ಯಾಕಯ್ಯಾ ಕುಡೀತಿರಲಿಲ್ಲ?” ಎಂದು ಡಾಕ್ಟ್ರಮ್ಮ ಕೇಳಿದ್ದರು.

“ಕುಡಿದ್ರೆ ಹೋಗ್ಬೇಕಾಗುತ್ತಲ್ಲ ಡಾಕ್ಟ್ರಮ್ಮ.”

ಕಾರ್ಖಾನೆಯವರು ಅವನನ್ನು ಕೆಲಸದಿಂದ ತೆಗೆದರು. ವಾರವಾರವೂ ಯಂತ್ರಕ್ಕೆ ಕೈ ಕೊಟ್ಟು ರಕ್ತ ತೊಳೆಸಿಕೊಳ್ಳುತ್ತಾ, ಇನ್ಯಾರೋ ಸಾಯಲಿ ಎಂದು ಬೇಡಿಕೊಳ್ಳಲು ಮನಸ್ಸಿಲ್ಲದೆ, ಬೇಡಿಕೊಳ್ಳದೆ ಇರಲೂ ಆಗದೆ ನೀಲಿ ಕಾಲ ನೂಕಿದ. ಹಾಗಿರುವಾಗ ದೊಡ್ಡ ಧಣಿ ತನ್ನ ಸ್ವಂತ ಬಚ್ಚಲಲ್ಲಿ ಜಾರಿ ಬಿದ್ದ. ಬಿಲ್ಲೆ ಇಲ್ಲದೆ ಎಷ್ಟು ಸಲ ಬೇಕಾದರೂ ಹೋಗಬಹುದಾಗಿದ್ದ ಬಚ್ಚಲು ಅದು. ತಲೆಗೆ ಪೆಟ್ಟಾಗಿ ಮಿದುಳು ಸತ್ತಿತು, ಉಸಿರನ್ನು ಯಂತ್ರ ಆಡಿಸುತ್ತಿತ್ತು. ಅಂಗಾಂಗ ದಾನ ಮಾಡುತ್ತೇವೆ ಎಂದು ಚಿಕ್ಕ ಧಣಿ ಪತ್ರಿಕೆಯವರನ್ನೆಲ್ಲ ಕರೆಸಿ ಕಣ್ಣೊರೆಸಿಕೊಂಡ. ಯಾರೋ ದೊಡ್ಡ ಮನುಷ್ಯರಿಗೆ ಹೋಗುತ್ತದೆ ಎಂದುಕೊಂಡಿದ್ದ. ರಕ್ತ ಹೊಂದಿದ್ದು ನೀಲಿಗೆ, ಕಿಡ್ನಿಗೆ ಕಾಯುವವರ ಸರದಿಯಲ್ಲಿ ಮುಂದೆ ಇದ್ದವನೂ ನೀಲಿಯೇ.

ಯಾರದು ಯಾರಿಗೆ ಎಂದು ಡಾಕ್ಟರುಗಳು ಬಾಯಿ ಬಿಡಲಿಲ್ಲ. ಆದರೆ ಆಸ್ಪತ್ರೆಯ ಆಯಾಳ ಬಾಯಿ ಇರುವುದೇ ಬಿಡಲಿಕ್ಕೆ. ಮಾರನೇ ಬೆಳಿಗ್ಗೆಯೇ ನೀಲಿಯ ಹೆಂಡತಿಯ ಕಿವಿಗೆ ಸುದ್ದಿ ಬಿತ್ತು.

ಆಪರೇಷನ್ ಏನೋ ಚೆನ್ನಾಗಿಯೇ ಆಯಿತು. ಹಳೆಯ ಎರಡನ್ನು ಅಲ್ಲೇ ಬಿಟ್ಟು ಹೊಸದನ್ನು ಹೊಟ್ಟೆಯ ಮುಂದುಗಡೆ ಕೂರಿಸಿದರು. ಆದರೆ ಮಂಚಕ್ಕೆ ತೂಗುಹಾಕಿದ್ದ ಮೂತ್ರದ ಚೀಲ ದಿನ ಕಳೆದರೂ ಬರಿದೇ ಇತ್ತು.

“ಕೆಲವು ಸಲ ಹೀಗಾಗುತ್ತೆ. ಜಾಗ ಬದಲಾದ ಮೇಲೆ ಕಿಡ್ನಿ ಸ್ವಲ್ಪ ದಿನ ಮಲಗಿಬಿಡುತ್ತೆ, ಏಳುತ್ತೆ” ಎಂದರು ಡಾಕ್ಟ್ರಮ್ಮ.

“ಅದು ಧಣಿಗಳದ್ದಲ್ವಾ ಡಾಕ್ಟ್ರಮ್ಮ, ದುಡಿದು ಅಭ್ಯಾಸ ಇಲ್ಲ” ಎಂದಳು ಹೆಂಡತಿ.

ಡಾಕ್ಟ್ರಮ್ಮ ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿಕೊಂಡರು. ಕೊನೆಗೊಂದು ಬೆಳಿಗ್ಗೆ ಚೀಲದಲ್ಲಿ ಹಳದಿ ನೀರು ಕಾಣಿಸಿದಾಗ ಹೆಂಡತಿ ವಾರ್ಡಿನ ಈ ತುದಿಯಿಂದ ಆ ತುದಿಗೆ ಓಡಿದಳು. “ಧಣಿ ಕೆಲಸಕ್ಕೆ ಬಂದ್ರು! ಬಂದ್ರು ಕಣ್ರೀ, ಕೆಲಸಕ್ಕೆ ಬಂದ್ರು!” ಪಕ್ಕದ ಮಂಚಗಳ ರೋಗಿಗಳೆಲ್ಲ ಹೊಲಿಗೆ ಹಿಡಿದುಕೊಂಡು ನಕ್ಕರು.

ಸುದ್ದಿ ಅಮ್ಮಾವ್ರಿಗೂ ಮುಟ್ಟಿತು. ಅವರ ಹಟಕ್ಕೆ ನೀಲಿಯನ್ನು ಕಾರ್ಖಾನೆಗೆ ಮತ್ತೆ ಸೇರಿಸಿಕೊಂಡರು. ಈಗ ಅವನಿಗೆ ಬಾಗಿಲ ಗಾಳಿಗೆ ಕುರ್ಚಿ, ಪಕ್ಕದಲ್ಲಿ ನೀರಿನ ಹೂಜಿ, ಲಡಿಗಳಿಗೆ ದಾರ ಕಟ್ಟುವ ಹಗುರ ಕೆಲಸ. ಕಕ್ಕಸಿಗೆ ಹೋಗಲು ಬಿಲ್ಲೆ ಬೇಕಿಲ್ಲ. ಮೇಸ್ತ್ರಿಯ ಪಾಡು ನೋಡುವಂತಿರಲಿಲ್ಲ. ಹಳೇ ಅಭ್ಯಾಸಕ್ಕೆ “ಲೇ ಸೂಳೆ...” ಎಂದು ಬಾಯಿ ತೆರೆದು, ಕಣ್ಣು ಹೊಟ್ಟೆಯ ಮೇಲೆ ಬಿದ್ದೊಡನೆ “...ಬನ್ನಿ, ಬನ್ನಿ” ಎಂದುಬಿಡುತ್ತಿದ್ದ. ಜೊತೆಗಾರರು ಇವನಿಗೆ ಬಗ್ಗಿ ಸಲಾಮು ಹೊಡೆದು, “ಧಣಿ, ಹೊಟ್ಟೇಲಿ ಜಾಗ ಸಾಲುತ್ತಾ?” ಎಂದು ವಿಚಾರಿಸುತ್ತಿದ್ದರು. ನೀಲಿಗೆ ಸುಖವೇ ಇತ್ತು, ಸುಳ್ಳು ಯಾಕೆ ಹೇಳಬೇಕು.

ಆ ಸುಖ ಒಂದು ಬೆಳಗಿನವರೆಗೆ. ರೊಟ್ಟಿ ಕೊಡಲು ಬಗ್ಗಿದ ಹೆಂಡತಿಯ ಕಣ್ಣಿನ ಕೆಳಗೆ ಊದಿಕೊಂಡಿತ್ತು. ಅವಳೂ ಅದೇ ಕೊಟ್ಟಿಗೆಯಲ್ಲಿ ಲಡಿ ಹಿಂಡುವವಳು. ನೀಲಿ ಅವಳ ಕಾಲು ಎಳೆದುಕೊಂಡು ಬೆರಳಿಂದ ಒತ್ತಿದ. ಗುಳಿ ಬಿದ್ದದ್ದು ಹಾಗೇ ನಿಂತಿತು. ತನ್ನ ಕಾಲಲ್ಲೂ ಮೊದಲು ಬಿದ್ದದ್ದು ಇಂಥದೇ ಗುಳಿ.

“ನೀರು ಕುಡೀಬೇಕು ಕಣೇ.”

“ಕುಡಿದು? ಬಿಲ್ಲೆ ನಿಮ್ಮ ತಾತ ತಂದುಕೊಡ್ತಾನಾ?”

ಅವತ್ತೇ ನೀಲಿ ಮೇಸ್ತ್ರಿಯ ಮೇಜಿನ ಮುಂದೆ ನಿಂತ. “ನನ್ನ ಹೆಂಡತೀನೂ ಬೇಕಾದಾಗ ಹೋಗ್ಲಿ ಮೇಸ್ತ್ರಿ. ಎಲ್ಲ ಹೆಂಗಸರೂ ಹೋಗ್ಲಿ.”

“ಯಾಕೆ, ಅವಳ ಹೊಟ್ಟೇಲೂ ಯಾವನಾದ್ರೂ ಧಣಿ ಇದಾನಾ?” ಮೇಸ್ತ್ರಿ ಬಿಲ್ಲೆಯನ್ನು ಬೆರಳಲ್ಲಿ ತಿರುಗಿಸಿದ. ಆಮೇಲೆ ಅವಳಿಗೆ ಕೇಳುವ ಹಾಗೆ ಕೂಗಿದ, “ತಡ್ಕೊಳ್ಳೋಕಾಗದಿದ್ರೆ ತೊಟ್ಟಿಗೇ ಬಿಡೇ! ಬಣ್ಣ ಗಟ್ಟಿಯಾಗುತ್ತೆ.”

ಹೆಂಡತಿ ಲಡಿ ಹಿಂಡುತ್ತಾ ನಿಂತಳು, ತಲೆ ಎತ್ತಲಿಲ್ಲ. ಎಂಥ ಮಾತಿಗೂ ಮರುಮಾತು ಇಟ್ಟುಕೊಂಡಿರುತ್ತಿದ್ದ ಅವಳು ಸುಮ್ಮನಾದದ್ದು ಕಂಡು ನೀಲಿಯ ಹೊಟ್ಟೆ ಉರಿಯಿತು. ಧಣಿಯ ಭಾಗವೂ ಸೇರಿಯೇ ಉರಿದಿರಬೇಕು.

ಅವನು ಕುರ್ಚಿಗೆ ಬಂದು ಕುಳಿತು ಹೂಜಿಯನ್ನು ಕಾಲಿಂದ ಆಚೆ ತಳ್ಳಿದ.

“ಇವರಿಗೆಲ್ಲ ಸಿಗೋವರೆಗೂ ನಾನು ನೀರು ಮುಟ್ಟಲ್ಲ. ನಿಮ್ಮ ದೊಡ್ಡ ಧಣಿ ಒಳಗೇ ಒಣಗ್ಲಿ. ಹೋಗಿ ಅಮ್ಮಾವ್ರಿಗೆ ಹೇಳು.”

ಮೇಸ್ತ್ರಿ ನಕ್ಕ. ಮಧ್ಯಾಹ್ನದ ಹೊತ್ತಿಗೆ ನಗು ನಿಂತು, ಅಮ್ಮಾವ್ರ ಮನೆಗೆ ಫೋನ್ ಹೋಗಿತ್ತು. ಹೆಂಡತಿ ಓಡಿ ಬಂದು ಹೂಜಿಯನ್ನು ಗಂಡನ ಬಾಯಿಗೆ ಹಿಡಿದಳು. “ತಲೆ ಕೆಟ್ಟಿದೆಯಾ? ಅದು ಹೋದ್ರೆ ನೀನೂ ಹೋಗ್ತೀಯ! ಇನ್ನೊಂದು ಯಾರು ಕೊಡ್ತಾರೆ?”

“ಗೊತ್ತು ಕಣೇ.”

“ನನ್ನಾಣೆ, ಕುಡಿ.”

“ನೀನು ಕುಡಿ, ಆಮೇಲೆ ನಾನು.” ಅವನ ತುಟಿ ಬಿಳಿಚಿಕೊಂಡಿತ್ತು, ಆದರೆ ನಗುತ್ತಿದ್ದ. “ಹೆದರ್ಬೇಡ. ಮೊದಲು ಹೆದರೋರು ಬೇರೆ ಇದಾರೆ.”

ಹೆದರಿದವರು ಕಾರಿನಲ್ಲಿ ಬಂದರು. ಅಮ್ಮಾವ್ರು ಕೈಚೀಲ ಎದೆಗವಚಿಕೊಂಡು ನೇರ ಹೊಟ್ಟೆಯ ಹತ್ತಿರಕ್ಕೇ ಬಗ್ಗಿದರು. “ರೀ! ಬಾಯಾರಿದೆಯಾ? ಒಂದೇ ಒಂದು ಗುಟುಕು ಕುಡೀರಿ...”

ಒಳಗಿನಿಂದ ಧಣಿ ಮಾತಾಡಿದ ಹಾಗೆ ನಟಿಸಿದ್ದರೆ ನೀಲಿಯ ಕೆಲಸ ಸಲೀಸಾಗಿ ಆಗುತ್ತಿತ್ತು. ಜೊತೆಗಾರರು ಕಣ್ಣು ಮಿಟುಕಿಸಿ ಅದನ್ನೇ ಸೂಚಿಸಿದರು ಕೂಡ. ಅವನು ಅಂಗಿಯನ್ನು ಕೆಳಗೆಳೆದು ಗುಂಡಿ ಹಾಕಿಕೊಂಡ.

“ಅಮ್ಮಾವ್ರೆ, ಅದು ಮಾತಾಡಲ್ಲ. ಮಾತಾಡ್ತಿರೋನು ನಾನು. ನನ್ನ ಮುಖ ನೋಡಿ ಕೇಳಿ.”

ಅಮ್ಮಾವ್ರು ತಲೆ ಎತ್ತಿದರು. ಇಷ್ಟು ದಿನ ಬಂದು ಹೋಗುತ್ತಿದ್ದರೂ ಆ ಮುಖವನ್ನು ಅವರು ಕಂಡದ್ದು ಅದೇ ಮೊದಲು. ಮೀಸೆ ಇದೆ, ಮುಂದಿನ ಹಲ್ಲು ಒಂದಿಲ್ಲ, ಕಣ್ಣು ಒಣಗಿ ಕೆಂಪಾಗಿದೆ.

“ನಿನಗೆ ಏನು ಬೇಕು?” ಎಂದರು ತಡವರಿಸುತ್ತಾ.

“ಆ ಬಿಲ್ಲೆ ಹೋಗ್ಬೇಕು. ಎಲ್ಲರಿಗೂ ನೀರು ಬೇಕು.”

“ಸಾಯ್ಲಿ ಬಿಡಮ್ಮ!” ತಾಯಿಯ ಹಿಂದೆಯೇ ಬಂದಿದ್ದ ಚಿಕ್ಕ ಧಣಿ ಅರಚಿದ. “ಎಲ್ಲ ಕಕ್ಕಸಲ್ಲಿ ಕೂತ್ರೆ ದುಡಿಯೋರು ಯಾರು? ಇವನಿಗೆ ಕೊಬ್ಬು!”

“ನಿಮ್ಮಪ್ಪನ್ನ ಇನ್ನೊಂದು ಸಲ ಸಾಯಿಸ್ತೀಯೇನೋ?”

ತಾಯಿ ಮಗ ಒಬ್ಬರನ್ನೊಬ್ಬರು ದುರುಗುಟ್ಟುತ್ತಾ ನಿಂತರು. ಅವರು ತೀರ್ಮಾನಿಸುವವರೆಗೆ ಕಾಯುವ ವ್ಯವಧಾನ ನೀಲಿಯ ಹೆಂಡತಿಗಿರಲಿಲ್ಲ. ಮೊಣಕೈಯವರೆಗೆ ನೆನೆದ ಕೈಗಳನ್ನು ಮೈಗೆ ಒರೆಸಿಕೊಂಡು ಬಂದವಳೇ ಮೇಸ್ತ್ರಿಯ ಮೇಜಿನಿಂದ ಬಿಲ್ಲೆ ಎತ್ತಿ, ಕುದಿಯುತ್ತಿದ್ದ ನೀಲಿ ತೊಟ್ಟಿಗೆ ಎಸೆದಳು.

“ಬಣ್ಣ ಗಟ್ಟಿಯಾಗ್ಲಿ ಮೇಸ್ತ್ರಿ. ಬೇಕಿದ್ರೆ ಕೈ ಹಾಕಿ ಹುಡುಕ್ಕೋ!”

ಕೊಟ್ಟಿಗೆಗೆ ಕೊಟ್ಟಿಗೆಯೇ ನಕ್ಕಿತು. ಅವಳು ಹೂಜಿ ಎತ್ತಿ, ಗಂಡನ ಮುಖ ನೋಡುತ್ತಾ, ಗಟಗಟ ಕುಡಿದಳು. ಹೂಜಿ ಕೈಯಿಂದ ಕೈಗೆ ಹೋಯಿತು, ಬರಿದಾಯಿತು, ಮತ್ತೆ ತುಂಬಿ ಬಂತು. ಕೊನೆಗೆ ನೀಲಿ ಕುಡಿದ. ಅಂಗಿಯೆಲ್ಲ ತೊಯ್ದುಹೋಯಿತು. ಲಡಿಗಳನ್ನು ಅಲ್ಲಲ್ಲೇ ಬಿಟ್ಟು ಹೆಂಗಸರು ಅಂಗಳಕ್ಕೆ ಇಳಿದರು. ಗಂಡಸರು ಹಿಂದಿನಿಂದ ಹೋದರು. ಇಡೀ ಕಾರ್ಖಾನೆಗೆ ಇದ್ದದ್ದು ಒಂದೇ ಕಕ್ಕಸು, ಅದರ ಬಾಗಿಲಿಂದ ಗೇಟಿನವರೆಗೆ ಸಾಲು ಬೆಳೆಯಿತು. ಯಾರಿಗೂ ಅವಸರವಿರಲಿಲ್ಲ.

“ವಾಪಸ್ ಬರ್ರೋ! ಎಲ್ಲರನ್ನೂ ಕೆಲಸದಿಂದ ಕಿತ್ತಾಕ್ತೀನಿ!” ಎಂದು ಚಿಕ್ಕ ಧಣಿ ಬಾಗಿಲಲ್ಲಿ ನಿಂತು ಕೂಗಿದ. ಸಾಲು ಅಲುಗಲಿಲ್ಲ. ಪೊಲೀಸರಿಗೆ ಫೋನ್ ಮಾಡುತ್ತಾ ಅವನು ಒಳಗೆ ಹೋದ.

ಅಮ್ಮಾವ್ರು ಅಂಗಳದಲ್ಲಿ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ ನಿಂತಿದ್ದರು. ಸುದ್ದಿ ಕೇಳಿದ್ದೇ ಗಾಬರಿಯಲ್ಲಿ ಹೊರಟು ಬಂದದ್ದು, ದಾರಿ ಬೇರೆ ದೂರ. ಕೊನೆಗೆ ನೀಲಿಯ ಹೆಂಡತಿಯ ಹತ್ತಿರ ಬಂದು ಪಿಸುಗುಟ್ಟಿದರು, “ಇಲ್ಲಿ... ನಮಗೆ ಅಂತ ಬೇರೆ ಇದೆಯೇನಮ್ಮ?”

“ಇಲ್ಲ ಅಮ್ಮಾವ್ರೆ. ಇದೊಂದೇ. ಸಾಲು ಗೇಟಿನ ಹತ್ತಿರ ಮುಗಿಯುತ್ತೆ.”

ಅಮ್ಮಾವ್ರು ಕಾರಿನ ಕಡೆ ನೋಡಿದರು, ಕಕ್ಕಸಿನ ಕಡೆ ನೋಡಿದರು. ಆಮೇಲೆ ಸಣ್ಣ ಸಣ್ಣ ಹೆಜ್ಜೆ ಇಡುತ್ತಾ ಗೇಟಿನವರೆಗೂ ಹೋಗಿ ಸಾಲಿನ ತುದಿಯಲ್ಲಿ ನಿಂತರು. ಅವರ ಮುಂದೆ ಕೆಂಪು ತೊಟ್ಟಿಯ ಮುದುಕಿ ಇದ್ದಳು. ಅವಳು ತಿರುಗಿ, ಅಮ್ಮಾವ್ರನ್ನು ತಲೆಯಿಂದ ಕಾಲಿನವರೆಗೆ ಅಕ್ಕರೆಯಿಂದಲೇ ನೋಡಿದಳು.

“ಆಗ್ತಿಲ್ವಾ ತಾಯಿ?”

“ಇಲ್ಲಮ್ಮ.”

“ತಡ್ಕೊಳ್ಳಿ” ಎಂದಳು ಮುದುಕಿ. “ಅಭ್ಯಾಸ ಆಗುತ್ತೆ.”