ಕಾಗುಣಿತವಿಲ್ಲದ ಮಾತು

ಹೂವಿನ ಸಗಟು ಮಾರುಕಟ್ಟೆಯಲ್ಲಿ ಹರಾಜು ಕೂಗುವುದು ಗುಬ್ಬಿಯ ಸೋದರತ್ತೆಯ ಕೆಲಸ. ಅವಳು ಕಟ್ಟೆಯ ಮೇಲೆ ನಿಂತಳೆಂದರೆ ತಗಡಿನ ಛಾವಣಿಯ ಕೆಳಗಿನ ಗಾಡಿಗಳ ಗಡಗಡ, ಲಾರಿಗಳ ಹಾರ್ನು, ಹಮಾಲರ ಜಗಳ ಎಲ್ಲ ಹಿಂದೆ ಸರಿದು ಅವಳ ದನಿಯೊಂದೇ ಕೇಳುತ್ತಿತ್ತು. ಯಾರಾದರೂ ಮೈಕು ತಂದುಕೊಟ್ಟರೆ, "ಇದೇನು, ನನಗೆ ಊರುಗೋಲಾ?" ಎಂದು ಪಕ್ಕಕ್ಕಿಡುತ್ತಿದ್ದಳು. ಮನೆಯಲ್ಲೂ ಅದೇ ದನಿ. "ಮದುವೆಗೆ ಮುಂಚೆ ನನಗೂ ಮಾತು ಬರ್ತಿತ್ತು" ಎಂದು ಮಾವ ಆಗಾಗ ಹೇಳುತ್ತಿದ್ದರು. ಹೆಂಡತಿ ತಿರುಗಿ ನೋಡುವಷ್ಟರಲ್ಲಿ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದುಬಿಡುತ್ತಿದ್ದರು.

ಅಣ್ಣನ ಮಗಳಿಗೆ ಗುಬ್ಬಿ ಎಂದು ಅಡ್ಡಹೆಸರಿಟ್ಟವಳೂ ಅತ್ತೆಯೇ. ಚಿಕ್ಕವಳಿದ್ದಾಗ ತಟ್ಟೆಯಿಂದ ಒಂದೊಂದೇ ಕಾಳು ಹೆಕ್ಕಿ ತಿನ್ನುತ್ತಿದ್ದಳೆಂದು ಆ ಹೆಸರು. ಮನೆಯ ಹೊರಗೆ ಅದು ಯಾರಿಗೂ ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ಹರಾಜಿನ ನಡುವೆ ಅತ್ತೆ ಕುಸಿದು ಬಿದ್ದಳು. ಮಿದುಳಿನ ಬುಡದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಜೀವ ಉಳಿಯಿತು, ಮೈ ಉಳಿಯಲಿಲ್ಲ. ಕುತ್ತಿಗೆ ಒಂದು ಕಡೆಗೆ ವಾಲಿತು. ಎಡಗಣ್ಣಿನ ರೆಪ್ಪೆ ಮುಚ್ಚದೆ ಅದಕ್ಕೆ ಬಟ್ಟೆ ಕಟ್ಟಬೇಕಾಯಿತು. ಬಲಗಣ್ಣು ತೆರೆದೇ ಇದ್ದರೂ ಎತ್ತ ನೋಡುತ್ತಿದೆಯೋ ಹೇಳುವಂತಿರಲಿಲ್ಲ. ಅಲುಗಾಡುತ್ತಿದ್ದದ್ದು ಬಲಗೈಯ ಹೆಬ್ಬೆರಳು ಮಾತ್ರ. ಅದೂ ಕೆಲವೊಮ್ಮೆ ತಾನಾಗಿಯೇ ಅದುರುತ್ತಿತ್ತು. "ಹೌದಾದರೆ ಬೆರಳು ಅಲ್ಲಾಡಿಸಿ" ಎಂದು ಕೇಳಿದರೆ ಮೊದಮೊದಲು ಉತ್ತರ ಎಷ್ಟೋ ತಡವಾಗಿ ಬಂದು ಮುಂದಿನ ಪ್ರಶ್ನೆಯ ಮೇಲೆ ಬೀಳುತ್ತಿತ್ತು. ತಿಂಗಳುಗಳು ಕಳೆದರೂ ಒಳಗೆ ಅತ್ತೆ ಇದ್ದಾಳೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ. ನೋಡಲು ಬಂದವರೆಲ್ಲ ಬಾವಿಯೊಳಕ್ಕೆ ಬಗ್ಗಿ ಕರೆಯುವವರ ಹಾಗೆ ಅವಳ ಕಿವಿಯ ಹತ್ತಿರ ಬಾಯಿಟ್ಟು ಕಿರುಚಿ ಹೋಗುತ್ತಿದ್ದರು.

ಆಸ್ಪತ್ರೆಯ ಪುನಶ್ಚೇತನ ವಾರ್ಡಿನಲ್ಲಿ ಮಾತು ಕಲಿಸುವ ಡಾಕ್ಟರಮ್ಮ ಒಬ್ಬರಿದ್ದರು. ಅವರು ಮಂಚದ ಮುಂದೆ ಒಂದು ಕಂಪ್ಯೂಟರ್ ಪರದೆ ತಂದಿಟ್ಟರು. ಅದಕ್ಕೆ ಅಕ್ಷರಮಣೆ ಎಂದು ಹೆಸರು. ಪರದೆಯ ತುಂಬ ಸ್ವರ ವ್ಯಂಜನಗಳ ಬಟನ್ನುಗಳು. ಅವುಗಳ ಮೇಲೆ ಬೆಳಕು ಒಂದೊಂದೇ ಸಾಲಾಗಿ ಸರಿಯುತ್ತದೆ. ಬೇಕಾದ ಸಾಲು ಬಂದಾಗ ಹೆಬ್ಬೆರಳ ಕೆಳಗಿನ ಗುಂಡಿ ಒತ್ತಿದರೆ ಬೆಳಕು ಆ ಸಾಲಿನ ಅಕ್ಷರಗಳ ಮೇಲೆ ಒಂದೊಂದಾಗಿ ನಡೆಯುತ್ತದೆ. ಅಕ್ಷರವನ್ನು ಆರಿಸಿದರೆ ಅದರ ಕಾಗುಣಿತ ಒಂದು ಪಟ್ಟಿಯಾಗಿ ಪಕ್ಕದಲ್ಲಿ ತೆರೆದುಕೊಳ್ಳುತ್ತದೆ: ಕ, ಕಾ, ಕಿ, ಕೀ. ಅಲ್ಲಿ ಏನೂ ಒತ್ತದಿದ್ದರೆ ಬರಿಯ ಅಕ್ಷರವೇ ಮೂಡಿ ಪಟ್ಟಿ ಮುಚ್ಚಿಕೊಳ್ಳುತ್ತದೆ. ಈ ಮಣೆಯಿಂದ ಎಷ್ಟೋ ರೋಗಿಗಳು ಮನೆಯವರೊಂದಿಗೆ ಮಾತಾಡಿದ್ದರು.

ಅತ್ತೆಯ ಬೆರಳಿನಿಂದ ಮಾತ್ರ ತಲೆಬುಡವಿಲ್ಲದ ಅಕ್ಷರಗಳು ಬಿದ್ದವು.

"ಕೈ ಚೆಲ್ಲಿ ಕೂತಿಲ್ಲ ನಾನು" ಎಂದರು ಡಾಕ್ಟರಮ್ಮ, ಮಾವನನ್ನು ಕಿಟಕಿಯ ಹತ್ತಿರ ಕೂರಿಸಿಕೊಂಡು. "ಆದ್ರೆ ಅವರಿಗೆ ನಮ್ಮ ಮಾತು ಅರ್ಥ ಆಗ್ತಿದೆಯಾ ಅಂತ ಖಚಿತವಾಗಿ ಹೇಳೋಕೂ ಆಗ್ತಿಲ್ಲ. ಸುಮ್ಮನೆ ಆಸೆ ಹುಟ್ಟಿಸಬಾರದು."

ಮಾವ ತಲೆಯಾಡಿಸಿದರು. ಗುಬ್ಬಿ ಮಂಚದ ಬಳಿಗೆ ಹೋದಳು.

ಆ ಅಕ್ಷರಮಣೆ ಅವಳ ಆಫೀಸಿನಲ್ಲೇ ತಯಾರಾದದ್ದು. ಆಸ್ಪತ್ರೆಗಳಿಗೆ ವೆಬ್ ಅಪ್ಲಿಕೇಶನ್ ಮಾಡಿಕೊಡುವ ಸಣ್ಣ ಆಫೀಸು ಅದು. ಮಣೆಯನ್ನು ಬೇರೆ ತಂಡ ಮಾಡಿತ್ತು. ಗುಬ್ಬಿಯ ಪಾಲಿಗೆ ಬಂದದ್ದು ಡಾಕ್ಟರ ಭೇಟಿಗೆ ಸಮಯ ಗೊತ್ತುಮಾಡುವ ಪುಟಗಳು. ಹಾಗಾಗಿ ಅವಳು ಈ ಪರದೆಯನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಈಗ ಅತ್ತೆಯ ದಿಂಬಿನ ಪಕ್ಕದಲ್ಲಿ ತಲೆಯಿಟ್ಟು, ಅವಳ ಹಾಗೆಯೇ ಕುತ್ತಿಗೆ ವಾಲಿಸಿ, ಎಡಗಣ್ಣನ್ನು ಅಂಗೈಯಿಂದ ಮುಚ್ಚಿ ನೋಡಿದಳು.

ಏನೂ ಕಾಣುತ್ತಿರಲಿಲ್ಲ.

ಬಟನ್ನುಗಳು ಬೂದು ಬಿಳುಪು. ಸರಿಯುವ ಬೆಳಕೆಂದರೆ ಬಟನ್ನಿನ ಸುತ್ತ ಕೂದಲೆಳೆಯಷ್ಟು ತೆಳುವಾದ ತಿಳಿನೀಲಿ ಅಂಚು. ಕಿಟಕಿಯ ಬಿಸಿಲು ಬಿದ್ದರೆ ಅದೂ ಮಾಯ. ಸಾಲದ್ದಕ್ಕೆ ಅದು ಮೆಲ್ಲಗೆ ಮೂಡಿ ಮೆಲ್ಲಗೆ ಆರುತ್ತಿತ್ತು. ಹಿಂದಿನದು ಆರುವ ಮೊದಲೇ ಮುಂದಿನದು ಹೊತ್ತಿಕೊಳ್ಳುವುದರಿಂದ ಎಲ್ಲಿದೆ ಬೆಳಕು ಎಂದೇ ತಿಳಿಯುತ್ತಿರಲಿಲ್ಲ. ನೆಟ್ಟಗೆ ಕೂತು ಎರಡು ಕಣ್ಣಿಂದ ನೋಡುವವರಿಗೆ ನಾಜೂಕಾದ ಅಂದ. ಮಲಗಿದವಳಿಗೆ ಖಾಲಿ ಗೋಡೆ.

"ಡಾಕ್ಟ್ರೇ, ಇವಳಿಗೆ ಮಣೆ ಕಾಣ್ತಾನೇ ಇಲ್ಲ ಅನ್ಸುತ್ತೆ" ಎಂದಳು. ಡಾಕ್ಟರಮ್ಮ ತಾವೂ ಬಂದು ಅದೇ ದಿಂಬಿಗೆ ತಲೆಯಿಟ್ಟು ನೋಡಿದರು. ಎದ್ದವರು, "ಬದಲಾಯಿಸೋಕೆ ಆಗುತ್ತಾ?" ಎಂದು ಕೇಳಿದರು.

"ಬಣ್ಣ ತಾನೇ? ಸಂಜೆಯೊಳಗೆ ಆಗುತ್ತೆ."

ಸಂಜೆಯೊಳಗೆ ಆಗಲಿಲ್ಲ. ಬಟನ್, ಪಟ್ಟಿ, ಕ್ಯಾಲೆಂಡರ್ ಇವನ್ನೆಲ್ಲ ಅವರ ಆಫೀಸಿನವರು ಮೊದಲಿನಿಂದ ಕಟ್ಟುತ್ತಿರಲಿಲ್ಲ. ಒಂದು ಫ್ರೇಮ್‌ವರ್ಕ್‌ನಿಂದ, ಎಂದರೆ ಬೇರೆಯವರು ಬರೆದಿಟ್ಟ ಕೋಡಿನ ಚೌಕಟ್ಟಿನಿಂದ, ಬಿಡಿಭಾಗಗಳಂಥ ಸಿದ್ಧ ವಿಜೆಟ್‌ಗಳನ್ನು ತಂದು ಜೋಡಿಸುತ್ತಿದ್ದರು. ಅವುಗಳ ಬಣ್ಣ, ಅಂಚು, ಬೆಳಕಿನ ವೇಗ ಎಲ್ಲವೂ ಡಿಫಾಲ್ಟ್ ಆಗಿ ಮೊದಲೇ ಗೊತ್ತಾಗಿರುತ್ತವೆ. ಗುಬ್ಬಿ ತನ್ನ ಸ್ಟೈಲ್, ಅಂದರೆ ರೂಪದ ನಿಯಮಗಳನ್ನು, ಬರೆದಳು: ಆರಿಸಿದ ಬಟನ್ ಪೂರ್ತಿ ಹಳದಿ, ಅಕ್ಷರ ಕಡುಗಪ್ಪು, ಅಂಚು ದಪ್ಪ, ಬೆಳಕು ತಟ್ಟನೆ ಹತ್ತಿ ತಟ್ಟನೆ ಆರಬೇಕು. ಬ್ರೌಸರ್ ತೆರೆದು ನೋಡಿದರೆ ಅದೇ ಬೂದು, ಅದೇ ತಿಳಿನೀಲಿ. ಫ್ರೇಮ್‌ವರ್ಕ್‌ನ ಬರಹ ಅವಳದರ ನಂತರ ಬಂದು ಕೂತು ಅವಳ ಮಾತನ್ನು ಅಳಿಸಿಹಾಕುತ್ತಿತ್ತು.

ಆಫೀಸಿನಲ್ಲಿ ಎಲ್ಲರೂ ಮೇಷ್ಟ್ರು ಎಂದು ಕರೆಯುವ ಹಿರಿಯ ಪ್ರೋಗ್ರಾಮರ್ ಅವಳ ಹೆಗಲ ಮೇಲಿಂದ ಇಣುಕಿದ.

"ಡಿಫಾಲ್ಟ್ ಮೇಲೆ ಕೈ ಹಾಕಿದ್ಯಾ? ಹುಷಾರು ಕಣಮ್ಮ. ಅದು ಅತ್ತೆಮನೆ ಇದ್ದ ಹಾಗೆ. ನಿನ್ನ ಮಾತು ನಡೀಬೇಕಾದ್ರೆ ಅಲ್ಲಿನ ಹಿರಿಯರು ಯಾರು ಅಂತ ಮೊದಲು ತಿಳ್ಕೋಬೇಕು."

"ಇದು ನಿಜವಾಗಿ ಅತ್ತೆ ಮನೆದೇ, ಮೇಷ್ಟ್ರೇ" ಎಂದು ಗುಬ್ಬಿ ಎಲ್ಲವನ್ನೂ ಹೇಳಿದಳು. ಆತ ತಮಾಷೆ ಬಿಟ್ಟು ಕುರ್ಚಿ ಎಳೆದುಕೊಂಡು ಕೂತ. "ಹಾಗಾದ್ರೆ ಮೊದಲು ಹೇಗಾದ್ರೂ ಮಾಡಿ ತೋರಿಸು. ಚೆಂದ ಆಮೇಲೆ ಮಾಡೋಣ."

'ಮಣೆಯ ಒಳಗಿರುವ ಎಲ್ಲ ಬಟನ್ನುಗಳಿಗೂ' ಎಂದು ನಿಖರವಾಗಿ ಬರೆದು ಅವಳು ತನ್ನ ನಿಯಮಕ್ಕೆ ತೂಕ ಹೆಚ್ಚಿಸಿದಳು; ಹೆಚ್ಚು ನಿಖರವಾದ ನಿಯಮವನ್ನೇ ಬ್ರೌಸರ್ ಪಾಲಿಸುತ್ತದೆ. ಈ ಸಲ ಫ್ರೇಮ್‌ವರ್ಕ್ ಮಣಿಯಿತು. ಮಣೆಯ ಮೇಲೆ ಹಳದಿ ಬೆಳಕು ಧಗ್ಗೆಂದು ಓಡಾಡಿತು. ಮರುದಿನ ಬೆಳಿಗ್ಗೆ ಅವಳು ಲ್ಯಾಪ್‌ಟಾಪ್ ಎತ್ತಿಕೊಂಡು ಆಸ್ಪತ್ರೆಗೆ ಓಡಿದಳು.

ಡಾಕ್ಟರಮ್ಮ ಗುಂಡಿಯನ್ನು ಅತ್ತೆಯ ಹೆಬ್ಬೆರಳ ಕೆಳಗಿಟ್ಟರು. ಮಾವ ಬಾಗಿ, "ಲೇ, ನೋಡು! ಹೊಸಾದು ತಂದಿದ್ದಾಳೆ!" ಎಂದು ಕಿವಿಯಲ್ಲಿ ಕೂಗಿದರು. ಬೆಳಕು ಸಾಲಿಂದ ಸಾಲಿಗೆ ಇಳಿಯಿತು, ಮತ್ತೆ ಮೇಲಿಂದ ಶುರುವಾಯಿತು. ಬೆರಳು ಅಲುಗಲಿಲ್ಲ.

ಆಮೇಲೆ ಬೆರಳು ಒತ್ತಿತು. ಕ ಮೂಡಿತು. ಪಕ್ಕದಲ್ಲಿ ಕಾಗುಣಿತದ ಪಟ್ಟಿ ತೆರೆದು, ಏನೂ ಆಗದೆ ಮುಚ್ಚಿಕೊಂಡಿತು. ಬಹಳ ಹೊತ್ತಿನ ಮೇಲೆ ಗ. ಮತ್ತೆ ಬಹಳ ಹೊತ್ತು. ಕಾಫಿ ಕುಡಿಯಲು ಹೋದ ನರ್ಸು ವಾಪಸು ಬಂದಾಗ ಪರದೆಯ ಮೇಲೆ ಹೀಗಿತ್ತು:

ಕಗಬಡ ಕವ ಸರ ಇದ

"ಕಗಬಡ..." ಮಾವ ಓದಿದರು. ಅವರ ಮುಖ ಇಳಿದುಹೋಯಿತು. "ಇದ್ಯಾವ ಭಾಷೆನಪ್ಪಾ."

ಗುಬ್ಬಿಯ ಕಣ್ಣು ಸುಮ್ಮನೆ ಕೊನೆಯ ಅಕ್ಷರಗಳ ಮೇಲೆ ನಿಂತಿತ್ತು. ಸರ ಇದ. ಸರ ಇದ. ಬಾಯಲ್ಲಿ ಎರಡು ಸಲ ಹೇಳಿಕೊಂಡಳು. ಸರಿ ಇದೆ? ಥಟ್ಟನೆ ಬಾಗಿ ದಿಂಬಿಗೆ ತಲೆಯಿಟ್ಟು ಪಟ್ಟಿಯನ್ನು ತೆರೆದು ನೋಡಿದಳು. ಮಣೆ ಹಳದಿಯಾಗಿತ್ತು, ಕಾಗುಣಿತದ ಪಟ್ಟಿ ಮಾತ್ರ ಇನ್ನೂ ಹಳೆಯ ಬೂದು ಬಿಳುಪಿನಲ್ಲೇ ಇತ್ತು. ಅತ್ತೆಗೆ ಅಕ್ಷರ ಕಾಣುತ್ತಿತ್ತು, ಕಾಗುಣಿತ ಕಾಣುತ್ತಿರಲಿಲ್ಲ. ಅಂದರೆ ಈ ಅಕ್ಷರಗಳಿಗೆಲ್ಲ ಕೊಂಬು, ಗುಡಿಸು, ಏತ್ವಗಳನ್ನು ನಾವೇ ಹಚ್ಚಿ ಓದಬೇಕು.

ಗುಬ್ಬಿ ಎದ್ದು ಮಾವನ ಕಡೆ ತಿರುಗಿದಳು.

"ಮಾವ" ಎಂದಳು. ದನಿ ಅವಳಿಗೇ ಕೇಳದಷ್ಟು ಸಣ್ಣದಾಗಿತ್ತು. "ಕೂಗಬೇಡಿ. ಕಿವಿ ಸರಿ ಇದೆ."

"ನಾನೆಲ್ಲಿ ಕೂಗಿದೆ?"

"ನಾನು ಹೇಳ್ತಿಲ್ಲ ಮಾವ. ಅತ್ತೆ ಹೇಳ್ತಿದ್ದಾಳೆ."

ಮಾವ ಪರದೆಯನ್ನು ನೋಡಿದರು. ತುಟಿ ಅಲುಗಿಸುತ್ತ ಒಂದೊಂದು ಅಕ್ಷರಕ್ಕೂ ಅದರ ಕಾಗುಣಿತ ಹಚ್ಚಿ ನೋಡಿದರು. ಆಮೇಲೆ ಮಂಚದ ಕಂಬಿ ಹಿಡಿದುಕೊಂಡು ಹಾಗೇ ನಿಂತುಬಿಟ್ಟರು. ಇಷ್ಟು ತಿಂಗಳು ಅವಳ ಕಿವಿಗೆ ಬಂದು ಬಿದ್ದದ್ದೆಲ್ಲ ಅವರಿಗೆ ಒಮ್ಮೆಲೇ ನೆನಪಾಗಿರಬೇಕು: ನೆಂಟರ ಲೊಚಗುಟ್ಟುವಿಕೆ, ಇವಳಿಗೇನು ತಿಳಿಯುತ್ತೆ ಎಂದು ತಲೆಯ ಮೇಲೆಯೇ ಆಡಿದ ಮಾತುಗಳು, ರಾತ್ರಿ ತಾವೊಬ್ಬರೇ ಎಂದುಕೊಂಡು ಅತ್ತದ್ದು. ಎಲ್ಲಕ್ಕೂ ಅವಳು ಸಾಕ್ಷಿಯಾಗಿ ಅಲ್ಲೇ ಇದ್ದಳು.

ಡಾಕ್ಟರಮ್ಮ ದುಡುಕಲಿಲ್ಲ. ಅವರ ಕಣ್ಣು ಹೊಳೆಯುತ್ತಿದ್ದರೂ ಮಾತು ಮೆಲುವಾಗಿತ್ತು. "ನಾವು ಬೇಕಾದ ಹಾಗೆ ಓದ್ಕೊಳ್ತಿದೀವಾ ಅಂತ ಒಂದ್ಸಲ ನೋಡ್ಬಿಡೋಣ. ಅಮ್ಮಾ, ನಿಮ್ಮ ಪಕ್ಕದಲ್ಲಿ ನಿಂತಿರೋ ಹುಡುಗಿ ಯಾರು?" ಎಂದು ಮಾಮೂಲಿ ದನಿಯಲ್ಲಿ ಕೇಳಿ, ಗುಬ್ಬಿಯ ಕಡೆ ತಿರುಗಿ ತುಟಿಗೆ ಬೆರಳಿಟ್ಟರು.

ಬೆಳಕು ಇಳಿಯಿತು, ಏರಿತು, ಇಳಿಯಿತು. ಸೊಸೆ ಎಂದು ಬರಬಹುದೆಂದು ಡಾಕ್ಟರಮ್ಮ ಸಕಾರಕ್ಕೆ ಕಾಯುತ್ತಿದ್ದರು. ಬೆರಳು ಅದಕ್ಕೂ ಮೊದಲೇ ಒತ್ತಿತು. ಗ. ನಂತರ ಬ. ಮತ್ತೆ ಬ.

"ಗಬಬ?" ಡಾಕ್ಟರಮ್ಮ ಹುಬ್ಬೇರಿಸಿದರು.

ಗುಬ್ಬಿ ಮಂಡಿಯೂರಿ ಅತ್ತೆಯ ಕೈಗೆ ಹಣೆಯೊತ್ತಿ ಬಿಕ್ಕತೊಡಗಿದಳು. ಅದೇನೆಂದು ಮಾವ ಹೇಳಿದಾಗ ಡಾಕ್ಟರಮ್ಮ ಬಾಗಿಲಾಚೆ ಹೋಗಿ, ಕಾರಿಡಾರಿನಲ್ಲಿ ಸಿಕ್ಕ ನರ್ಸನ್ನು ತಬ್ಬಿಕೊಂಡು, "ಇದ್ದಾರೆ ಕಣ್ರೀ, ಪೂರ್ತಿ ಇದ್ದಾರೆ" ಎಂದದ್ದು ಒಳಗೂ ಕೇಳಿಸಿತು.

ಮಧ್ಯಾಹ್ನ ಗುಬ್ಬಿ ಆಫೀಸಿಗೆ ಮರಳಿದಳು. ಕಾಗುಣಿತದ ಪಟ್ಟಿ ಮಾತ್ರ ಜಪ್ಪಯ್ಯ ಎಂದರೂ ಬಣ್ಣ ಬದಲಿಸಲೊಲ್ಲದು. ಮೇಷ್ಟ್ರು ಜೊತೆಗೆ ಕೂತ. ಪುಟದ ರಚನೆಯನ್ನು ಬಿಚ್ಚಿ ನೋಡಿದಾಗ ಕಾರಣ ಕಂಡಿತು. ನೋಟಕ್ಕೆ ಆ ಪಟ್ಟಿ ಮಣೆಯ ಪಕ್ಕದಲ್ಲೇ ತೆರೆಯುತ್ತಿದ್ದರೂ, ಫ್ರೇಮ್‌ವರ್ಕ್ ಅದನ್ನು ಮಣೆಯ ಹೊರಗೆ, ಪುಟದ ಕಟ್ಟಕಡೆಗೆ ಒಯ್ದು ಅಂಟಿಸುತ್ತಿತ್ತು. ಮಣೆಯ ಒಳಗಿನವರಿಗೆಂದು ಬರೆದ ನಿಯಮ ಅದಕ್ಕೆ ಅನ್ವಯಿಸುತ್ತಲೇ ಇರಲಿಲ್ಲ.

"ಇದಕ್ಕೂ ಬೇರೆ ನಿಯಮ ಬರೆದರಾಯ್ತಲ್ಲ" ಎಂದಳು ಗುಬ್ಬಿ.

"ಬರಿ. ನಾಳೆ ಇನ್ನೊಂದು ಕಡೆ ತಪ್ಪಿಸ್ಕೊಳ್ಳುತ್ತೆ. ತೇಪೆ ಎಷ್ಟು ಹಾಕ್ತೀಯ? ಈ ಬಣ್ಣ ಎಲ್ಲಿಂದ ಬರ್ತಿದೆ ಅಂತ ಹಿಂದಕ್ಕೆ ಹಿಂದಕ್ಕೆ ಹೋಗೋಣ ಬಾ."

ಅವರು ಫ್ರೇಮ್‌ವರ್ಕ್‌ನ ಒಳಬರಹವನ್ನು ತೆರೆದರು. ಪಟ್ಟಿಯ ತಿಳಿನೀಲಿಗೆ ಅದರದೇ ಬಣ್ಣವಿರಲಿಲ್ಲ, ಅದು ಬಟನ್ನಿನಿಂದ ಕೇಳಿ ಪಡೆಯುತ್ತಿತ್ತು. ಬಟನ್ ಇನ್ನೊಂದರಿಂದ, ಅದು ಮತ್ತೊಂದರಿಂದ. ನೀರಿನ ಕಾಲುವೆಯ ಗುಂಟ ಮೇಲಕ್ಕೆ ನಡೆದ ಹಾಗೆ ನಡೆದು ಅವರು ತುದಿ ಮುಟ್ಟಿದರು. ಅಲ್ಲಿದ್ದದ್ದು ಕೆಲವೇ ಕೆಲವು ಸಾಲು. ಆರಿಸಿದ್ದರ ಬಣ್ಣ, ಅಂಚಿನ ದಪ್ಪ, ಬೆಳಕು ಹತ್ತಿ ಆರುವ ಸಮಯ. ಇಡೀ ಫ್ರೇಮ್‌ವರ್ಕ್‌ನ ನೂರಾರು ವಿಜೆಟ್‌ಗಳು ಆ ಕೆಲವು ಸಾಲುಗಳಿಂದಲೇ ತಮ್ಮ ರೂಪ ಪಡೆಯುತ್ತಿದ್ದವು. ಅವುಗಳ ತಲೆಯ ಮೇಲೆ ಯಾರೋ ಒಂದು ಮಾತು ಬರೆದಿಟ್ಟಿದ್ದರು: ನಿಮ್ಮ ಜನರ ಕಣ್ಣಿಗೆ ಯಾವುದು ಹಿತವೋ ಇಲ್ಲಿ ಅದನ್ನಿಡಿ.

ಗುಬ್ಬಿ ಆ ಸಾಲನ್ನು ಎಷ್ಟು ಹೊತ್ತು ನೋಡಿದಳೋ. ಬರೆದವರು ಯಾರು, ಯಾವ ಕೋಣೆಯಲ್ಲಿ ಕೂತು ಬರೆದರು, ಒಂದೂ ತಿಳಿಯದು. ಅವರಿಗೆ ಅತ್ತೆಯ ವಿಷಯ ಗೊತ್ತಿರಲು ಸಾಧ್ಯವೇ ಇಲ್ಲ. ಆದರೂ ತಮ್ಮದಲ್ಲದ ಕಣ್ಣೊಂದು ಎಲ್ಲೋ ಇರುತ್ತದೆ ಎಂದು ಅವರಿಗೆ ಹೊಳೆದಿತ್ತು, ಅದಕ್ಕೆಂದು ಜಾಗ ಬಿಟ್ಟಿದ್ದರು. ನಿನ್ನೆಯಿಂದ ತಾನು ಹಗೆಯ ಹಾಗೆ ಗುದ್ದಾಡಿದ್ದು ಇವರ ಜೊತೆಯೇ ಎಂದು ಅವಳಿಗೆ ಆಶ್ಚರ್ಯವಾಯಿತು.

ತಾನು ಬರೆದ ಭಾರದ ನಿಯಮಗಳನ್ನೆಲ್ಲ ಅಳಿಸಿದಳು. ಆ ಮೂಲದ ಸಾಲುಗಳಲ್ಲಿ ಹಳದಿ ಇಟ್ಟಳು, ಅಂಚು ದಪ್ಪ ಮಾಡಿದಳು, ಆರುವ ಸಮಯವನ್ನು ಸೊನ್ನೆಗಿಳಿಸಿದಳು. ಪುಟ ಮತ್ತೆ ತೆರೆಯಿತು. ಮಣೆ, ಪಟ್ಟಿ, ಅಳಿಸುವ ಬಟನ್, ಸಹಾಯದ ಕಿಟಕಿ, ಯಾರೂ ನೆನೆಸಿಕೊಳ್ಳದ ಮೂಲೆಯ ಪುಟ್ಟ ಗುರುತು ಕೂಡ ಒಟ್ಟಿಗೆ ಬಣ್ಣ ತುಂಬಿಕೊಂಡು ನಿಂತವು.

ಮಾರನೆಯ ದಿನ ಅತ್ತೆಯ ಮೊದಲ ಪೂರ್ತಿ ವಾಕ್ಯ ಕಾಗುಣಿತ ಸಮೇತ ಬಂತು: "ಬೆಳಕು ಬಲು ನಿಧಾನ. ಬೇಗ ಓಡಿಸು."

ಗುಬ್ಬಿ ವೇಗ ಹೆಚ್ಚಿಸಿದಳು. "ಇನ್ನೂ" ಎಂದು ಬಂತು. ಇನ್ನೂ ಹೆಚ್ಚಿಸಿದಳು. ಡಾಕ್ಟರಮ್ಮ ನಗುತ್ತ, "ಸಾಕು ಅಮ್ಮಾ, ನಮಗೆ ಓದೋಕಾದ್ರೂ ಬಿಡಿ" ಎಂದರು.

ಅತ್ತೆ ಎದ್ದು ಓಡಾಡಲಿಲ್ಲ. ದನಿಯೂ ಮರಳಲಿಲ್ಲ. ಆದರೆ ವಾರ್ಡಿನ ಇತರ ಮಂಚಗಳ ಪಕ್ಕದಲ್ಲೂ ಡಾಕ್ಟರಮ್ಮ ದಿಂಬಿಗೆ ತಲೆಯಿಟ್ಟು ನೋಡತೊಡಗಿದರು. ಬಡಗಿಯೊಬ್ಬನಿಗೆ ಹಳದಿ ಚುಚ್ಚುತ್ತಿತ್ತು, ಅವನಿಗೆ ಕಪ್ಪಿನ ಮೇಲೆ ಬಿಳಿ. ಶಾಲೆಯ ಟೀಚರಿಗೆ ಅಂಚು ಇನ್ನಷ್ಟು ದಪ್ಪ. ಯಾರಿಗೆ ಏನು ಬೇಕೋ ಅದನ್ನು ಅವರೇ ಆರಿಸಿಕೊಳ್ಳುವಂತೆ ಗುಬ್ಬಿ ಒಂದು ಪುಟ ಮಾಡಿಕೊಟ್ಟಳು.

ಒಂದು ಮಧ್ಯಾಹ್ನ ಅವಳು ವಾರ್ಡಿಗೆ ಹೋದಾಗ ಮಾವ ಕುರ್ಚಿಯನ್ನು ಮಂಚಕ್ಕೆ ಆನಿಸಿಕೊಂಡು ಕೂತಿದ್ದರು. "ಇಷ್ಟು ದಿನ ಒಳಗೊಳಗೇ ಏನು ಯೋಚಿಸ್ತಿದ್ದೆ, ಹೇಳೇ" ಎಂದು ಅವರು ಕೇಳಿದ್ದರಂತೆ. ಅತ್ತೆ ಹೇಳುತ್ತಿದ್ದಳು. ಬೆಳಕು ಅಕ್ಷರದಿಂದ ಅಕ್ಷರಕ್ಕೆ ಹಾರುತ್ತಿತ್ತು, ಹೆಬ್ಬೆರಳು ಒತ್ತುತ್ತಿತ್ತು, ಪರದೆಯಲ್ಲಿ ಸಾಲುಗಳು ತುಂಬಿಬರುತ್ತಿದ್ದವು. ಗುಬ್ಬಿಯನ್ನು ಕಂಡು ಮಾವ ಪರದೆ ಅವಳಿಗೆ ಕಾಣದಂತೆ ಕೈ ಅಡ್ಡ ಹಿಡಿದರು.

"ಇದು ನಮ್ಮಿಬ್ಬರದು ಕಣಮ್ಮ. ಆಮೇಲೆ ಬಾ."

ಅವಳು ಬಾಗಿಲು ಎಳೆದುಕೊಂಡು ಹೊರಗೆ ಬಂದು ಬೆಂಚಿನ ಮೇಲೆ ಕೂತಳು. ಗಾಜಿನಾಚೆ ಮಾವ ಓದುತ್ತಿದ್ದರು. ಒಮ್ಮೆ ನಕ್ಕರು, ಒಮ್ಮೆ ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಬಾಗಿ ಓದಿದರು. ಅವರ ಮುಖದ ಮೇಲೆ ಹಳದಿ ಬೆಳಕು ಹತ್ತುತ್ತಿತ್ತು, ಆರುತ್ತಿತ್ತು, ಮತ್ತೆ ಹತ್ತುತ್ತಿತ್ತು.