ನೀಟಾಗಿ ಕಟ್ಟಿದ ಕೇಬಲ್

ಪ್ರಿನ್ಸಿಪಾಲರು ಕಡ್ಡಿ ಮುರಿದಂತೆ ಹೇಳಿದ್ದರು: ಮಕ್ಕಳು ಕಟ್ಟಿದ ನೆಟ್‌ವರ್ಕ್ ಬುಧವಾರ ತಮ್ಮ ಕಣ್ಣೆದುರು ಓಡಿದರೆ ಲ್ಯಾಬ್ ಉಳಿಯುತ್ತದೆ, ಇಲ್ಲದಿದ್ದರೆ ಆ ಕೋಣೆ ಪರೀಕ್ಷಾ ವಿಭಾಗಕ್ಕೆ, ಕಂಪ್ಯೂಟರ್ ಮೇಷ್ಟ್ರಾದ ನಾನು ಮತ್ತೆ ಬೋರ್ಡು-ಸೀಮೆಸುಣ್ಣಕ್ಕೆ. ವರ್ಷಗಟ್ಟಲೆ ಬೋರ್ಡಿನ ಮೇಲೆ ಡಬ್ಬ ಬರೆದು, ಡಬ್ಬಗಳ ನಡುವೆ ಗೆರೆ ಎಳೆದು, ಇದೇ ನೆಟ್‌ವರ್ಕ್ ಎಂದು ನಂಬಿಸಿದ ಮಹಾನುಭಾವ ನಾನು. ಕೈಯಾರೆ ಮಾಡಿ ಕಲಿಯುವ ಈ ಪಾಠವನ್ನು ಕಾಡಿ ಬೇಡಿ ಶುರುಮಾಡಿಸಿದ್ದೆ.

ಮಕ್ಕಳು ಎರಡು ಕೋಣೆಗಳ ಕಂಪ್ಯೂಟರುಗಳಿಂದ ಕೇಬಲ್ ಎಳೆದು, ಎಲ್ಲವನ್ನೂ ಸ್ವಿಚ್ ಎಂಬ ಪೆಟ್ಟಿಗೆಗೆ ಸೇರಿಸಿ, ಬುಧವಾರ ಬೆಳಿಗ್ಗೆಯೇ ನನಗೆ ಓಡಿಸಿ ತೋರಿಸಿದರು. ಅವರಲ್ಲಿ ನನ್ನ ಮಗಳೂ ಒಬ್ಬಳು. ಅವರೆಲ್ಲ ಚಹಾಕ್ಕೆ ಹೋದಾಗ ನಾನು ತೆಪ್ಪಗಿರಬಹುದಿತ್ತು. ಆದರೆ ಸ್ವಿಚ್ಚಿಗೆ ಸಿಕ್ಕಿಸಿದ್ದ ಒಂದು ಕೇಬಲ್ಲಿನ ಇನ್ನೊಂದು ತುದಿ ಸುಮ್ಮನೆ ಜೋತಾಡುತ್ತಿತ್ತು. ದೊಡ್ಡವರು ಬರುವಾಗ ಹೀಗಿದ್ದರೆ ಚೆಂದವೇ? ಅದನ್ನು ಅದೇ ಸ್ವಿಚ್ಚಿನ ಖಾಲಿ ಕಿಂಡಿಗೆ ಸಿಕ್ಕಿಸಿ, ನೀಟಾಗಿ ಪಟ್ಟಿ ಕಟ್ಟಿ, ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಪ್ರಿನ್ಸಿಪಾಲರು ಬಂದರು. ಸ್ವಿಚ್ಚಿನ ದೀಪಗಳೆಲ್ಲ ಹುಚ್ಚು ಹಿಡಿದಂತೆ ಮಿನುಗುತ್ತಿದ್ದವು. ಒಂದು ಕಂಪ್ಯೂಟರಿನ ಸಂದೇಶವೂ ಇನ್ನೊಂದಕ್ಕೆ ತಲುಪಲಿಲ್ಲ.

"ಏನ್ರೋ, ಏನು ಮಾಡಿಟ್ಟಿದ್ದೀರಿ?" ಎಂದು ಮಕ್ಕಳ ಮೇಲೆ ಹಾರಿಬಿದ್ದೆ, ನಾಚಿಕೆಗೆಟ್ಟವನು.

ಮಗಳು ದೀಪಗಳನ್ನೇ ನೋಡಿದಳು. "ಎಲ್ಲೋ ಕೇಬಲ್ ಸುತ್ತಿಕೊಂಡು ಬಂದು ಇದಕ್ಕೇ ಸೇರಿದೆ. ಸಂದೇಶ ಎಲ್ಲ ಒಳಗೇ ಗಿರಗಿರ ತಿರುಗ್ತಾ ಇದೆ."

ಗೆಳೆಯರು ಒಂದೊಂದೇ ಕೇಬಲ್ ಕೀಳಲು ಹೊರಟರು.

"ತಡೀರೋ. ಎಲ್ಲಕ್ಕಿಂತ ನೀಟಾಗಿ ಕಟ್ಟಿರೋದು ಯಾವುದು ನೋಡಿ," ಎಂದಳು ಮಗಳು.

ಮನೆಯಲ್ಲಿ ಯಾವ ವೈರು ಜೋತಾಡಿದರೂ ಎಲ್ಲಾದರೂ ಸಿಕ್ಕಿಸಿಬಿಡುವ ನನ್ನ ಚಾಳಿ ಅವಳಿಗೆ ಗೊತ್ತು. ಅವಳಮ್ಮನಂತೂ ಬೈದು ಬೈದು ಸುಸ್ತಾಗಿದ್ದಾಳೆ.

ನಾನು ಕಟ್ಟಿದ್ದ ಕೇಬಲ್ಲನ್ನೇ ಹುಡುಕಿ ಕಿತ್ತಳು. ದೀಪಗಳು ತಣ್ಣಗಾದವು. ಪಕ್ಕದ ಕೋಣೆಯಿಂದ "ಬಂತು, ಬಂತು!" ಎಂಬ ಕೂಗು.

"ಯಾರದಪ್ಪ ಈ ಘನಂದಾರಿ ಕೆಲಸ?" ಪ್ರಿನ್ಸಿಪಾಲರು ಕೇಳಿದರು.

ಮಗಳು ನೆಲ ನೋಡುತ್ತಾ ನಿಂತಳು. ನನ್ನ ಮಾನ ಉಳಿಸಲು ಬೈಗುಳ ತಿನ್ನಲೂ ತಯಾರಾಗಿದ್ದಾಳೆ ಎಂದು ಗೊತ್ತಾಗಿ ಒಂದು ಹೆಜ್ಜೆ ಮುಂದೆ ಬಂದೆ.

"ನಂದೇ ಸಾರ್," ಎಂದೆ.

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಲ್ಯಾಬ್ ಇರಲಿ. ಮಕ್ಕಳು ಕಲ್ತಿದ್ದಾರೆ. ನೀವೂ ಇಲ್ಲೇ ಕೂತು ಕಲೀರಿ."

ಎಲ್ಲರೂ ಗೊಳ್ಳೆಂದು ನಕ್ಕರು. ಅವಮಾನವಾಗಬೇಕಿತ್ತು, ನಾನೋ ಹಿಗ್ಗಿ ಹೀರೇಕಾಯಿಯಾಗಿದ್ದೆ. ಮಗಳು ಒಂದು ಸ್ಟೂಲು ಎಳೆದು ಹಾಕಿದಳು.

"ಕೂತ್ಕೋ ಅಪ್ಪಾ," ಎಂದಳು. "ಕೈ ಕಟ್ಕೊಂಡು."