ಗೋಣಿಚೀಲದ ನಡುವೆ ಇಟ್ಟ ಗಾಜು

ತೋಡಾರಿನ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯಲು ಕುಳಿತರೆ, ಭುಜಬಲಿ ಅವರ ಗೋಣಿಚೀಲದ ಗಂಟಿನ ವಿಷಯವನ್ನು ಬಿಟ್ಟು ಬರೆಯುವಂತಿಲ್ಲ. ರಾಜರು ಬಂದರು, ಹೋದರು. ಆ ಗಂಟನ್ನು ಸುಲಭವಾಗಿ ಬಿಚ್ಚಿದವರು ಮಾತ್ರ ಯಾರೂ ಇಲ್ಲ. ಒಂದಲ್ಲ, ಏಳು ಗಂಟು. ಮಡಂತ್ಯಾರಿನಲ್ಲಿ ಮೂವತ್ತೆಂಟು ವರ್ಷ ದಿನಸಿ ಅಂಗಡಿ ನಡೆಸಿದ ಕೈ ಅದು. ಬೆಲ್ಲ ಕಟ್ಟಿಕೊಟ್ಟರೂ ಕೊತ್ತಂಬರಿ ಕಟ್ಟಿಕೊಟ್ಟರೂ, ಬಸ್ಸಿನ ಮೇಲಿಂದ ಬಿದ್ದರೂ ಬಿಚ್ಚಿಕೊಳ್ಳಬಾರದು ಎಂಬ ಕಟ್ಟು. ಅಂಗಡಿ ಮುಚ್ಚಿ ತೋಡಾರಿನ ಮನೆಯಲ್ಲಿ ಆರಾಮವಾಗಿ ಕುಳಿತ ಮೇಲೆ ಕಟ್ಟಲು ಬೇರೆ ಸಾಮಾನು ಇರಲಿಲ್ಲ. ಕಸ ಇತ್ತು.

ಭುಜಬಲಿ ಅವರು ಜೈನರು, ನಿಯಮದ ಮನುಷ್ಯ. ಅವರ ಮನೆಯ ನಲ್ಲಿಗೆ ಬಿಳಿ ಬಟ್ಟೆ ಕಟ್ಟಿರುತ್ತದೆ. ನೀರಿನಲ್ಲಿರುವ, ಕಣ್ಣಿಗೆ ಕಾಣದ ಜೀವಕ್ಕೂ ನೋವಾಗಬಾರದು. ಸಂಜೆಯ ಊಟ ಸೂರ್ಯ ಮುಳುಗುವ ಮೊದಲೇ ಮುಗಿಯುತ್ತದೆ. ಅಂಗಳದಲ್ಲಿ ಇರುವೆ ಸಾಲು ಕಂಡರೆ ದಾಟುವುದಿಲ್ಲ, ಸುತ್ತು ಹಾಕಿ ಹೋಗುತ್ತಾರೆ. ಸಾಲು ಉದ್ದವಿದ್ದ ದಿನ ಮೂಡುಬಿದಿರೆಯ ಬಸ್ಸು ತಪ್ಪಿದ್ದೂ ಉಂಟು.

ಅವರ ಬಾಗಿಲಿಗೆ ಪ್ರತಿ ಮಂಗಳವಾರ ಮತ್ತು ಶುಕ್ರವಾರ ಪಂಚಾಯತಿನ ಕಸದ ಗಾಡಿ ಬರುತ್ತದೆ. ಓಡಿಸುವವರು ವಿನೋದಾ. ಮೊದಲು ಅವರು ಮನೆಯಲ್ಲಿ ಕುಳಿತು ಬೀಡಿ ಕಟ್ಟುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಬೀಡಿಯೊಂದರಿಂದ ಮನೆ ನಡೆಯುವುದು ಕಷ್ಟವಾಯಿತು. ಒಂದು ದಿನ ಸ್ವಸಹಾಯ ಸಂಘದ ಸಭೆಯಲ್ಲಿ ಪಂಚಾಯತಿನವರು, "ಕಸದ ಗಾಡಿ ಓಡಿಸಲು ಕಲಿಯುವವರು ಯಾರಿದ್ದೀರಿ?" ಎಂದು ಕೇಳಿದರು. ಎಲ್ಲರೂ ಪಕ್ಕದವರ ಮುಖ ನೋಡಿದರು. ವಿನೋದಾ ಅವರ ಪಕ್ಕದಲ್ಲಿ ಗೋಡೆ ಇತ್ತು. ಅವರು ಕೈ ಎತ್ತಿದರು. ತರಬೇತಿ ಆಯಿತು, ಲೈಸನ್ಸು ಬಂತು. ಈಗ ಎರಡು ವರ್ಷದಿಂದ ಅವರ ಮನೆಯ ಅನ್ನ, ಮಗಳ ಕಾಲೇಜು ಎಲ್ಲವೂ ಆ ಸ್ಟೇರಿಂಗಿನ ಮೇಲೆ ನಡೆಯುತ್ತಿದೆ. ಗಾಡಿಯ ಹಿಂದೆ ನಿಂತು ಕಸ ತೆಗೆದುಕೊಳ್ಳುವವರು ಜಸೀಲಾ. ಮಧ್ಯಾಹ್ನದ ನಂತರ ಪಂಚಾಯತಿನ ಕಸ ವಿಂಗಡಿಸುವ ಘಟಕದಲ್ಲಿ ಕುಳಿತು ಆ ಕಸವನ್ನು ಬೇರೆ ಬೇರೆ ಮಾಡುವವರೂ ಇವರಿಬ್ಬರೇ.

"ಭುಜಬಲಿ ಅಣ್ಣ, ಹಸಿ ಬೇರೆ ಒಣ ಬೇರೆ ಮಾಡಿ ಇಡಿ ಅಂತ ಎಷ್ಟು ಸಲ ಹೇಳುವುದು ನಿಮಗೆ?" ಎಂದು ವಿನೋದಾ ಸೀಟಿನಿಂದಲೇ ಕೇಳುತ್ತಿದ್ದರು.

"ಕಸಕ್ಕೂ ಜಾತಕ ಬರೆದು ಕೊಡ್ಬೇಕಾ ಮಾರಾಯ್ತಿ? ಎಲ್ಲ ಹೋಗುವುದು ಒಂದೇ ಕಡೆ."

"ಒಂದೇ ಕಡೆ ಅಲ್ಲ ಅಣ್ಣ. ಒಣ ಕಸ ಮಾತ್ರ ನಮಗೆ. ಹಸಿ ಕಸ ನಿಮ್ಮ ತೆಂಗಿನ ಬುಡಕ್ಕೆ."

"ಬುಡಕ್ಕೆ ಹಾಕಿದ್ರೆ ಕೊಳೀತದೆ. ಕೊಳೆತ್ರೆ ಹುಳ ಆಗ್ತದೆ. ಆ ಹುಳ ಬಿಸಿಲಿಗೆ ಸತ್ರೆ ಪಾಪ ಯಾರಿಗೆ? ನಿನಗಾ, ನನಗಾ?"

ಈ ಪ್ರಶ್ನೆಗೆ ಡ್ರೈವಿಂಗ್ ತರಬೇತಿಯಲ್ಲಿ ಉತ್ತರ ಹೇಳಿಕೊಟ್ಟಿರಲಿಲ್ಲ.

ಬೇರೆ ಮಾಡದ ಕಸವನ್ನು ಅಲ್ಲೇ ಬಿಟ್ಟು ಹೋಗಬಹುದು; ನಿಯಮ ಉಂಟು. ಆದರೆ ಭುಜಬಲಿ ಅವರ ಹೆಂಡತಿ ತ್ರಿಶಲಾ ಅಷ್ಟರಲ್ಲಿ ಎರಡು ಲೋಟ ಮಜ್ಜಿಗೆ ಹಿಡಿದುಕೊಂಡು ಗೇಟಿಗೆ ಬಂದಿರುತ್ತಿದ್ದರು. "ಇವತ್ತೊಂದು ಸಲ ತಗೊಂಡು ಹೋಗಿ ವಿನೋದಾ. ನಾನು ಇವರಿಗೆ ಹೇಳ್ತೇನೆ." ಆ 'ಇವತ್ತೊಂದು ಸಲ' ಎರಡು ವರ್ಷದಿಂದ ನಡೆಯುತ್ತಿತ್ತು.

ಗಾಡಿ ಹೋದ ಮೇಲೆ ಭುಜಬಲಿ ಹೆಂಡತಿಗೆ ಸಮಾಧಾನ ಹೇಳುತ್ತಿದ್ದರು: "ಅವರದ್ದೊಂದು ಮಾತು. ಘಟಕದಲ್ಲಿ ಮಿಷನ್ ಉಂಟಲ್ಲ. ಹಾಕಿದ್ರೆ ಅದೇ ಬೇರೆ ಮಾಡ್ತದೆ."

ಹೀಗಿರುವಾಗ ಒಂದು ಗುರುವಾರ ತ್ರಿಶಲಾ ಅವರ ಕೈಯಿಂದ ಉಪ್ಪಿನಕಾಯಿಯ ಗಾಜಿನ ಬಾಟಲಿ ಜಾರಿ ಬಿತ್ತು. ಭುಜಬಲಿ ಹೆಂಡತಿಯನ್ನು ದೂರ ನಿಲ್ಲಿಸಿ ತಾವೇ ಚೂರು ಹೆಕ್ಕಿದರು. ಕೈದೀಪ ಹಿಡಿದು ಕಪಾಟಿನ ಅಡಿಯನ್ನೂ ನೋಡಿದರು. ಅಷ್ಟಕ್ಕೇ ಬಿಡಲಿಲ್ಲ. ಗೇಟಿನ ಹತ್ತಿರ ಬೀದಿನಾಯಿ ಬರುತ್ತದೆ, ಪಕ್ಕದ ಮನೆಯ ರಂಜಿತನ ದನ ಬರುತ್ತದೆ, ಕಾಗೆ ಬರುತ್ತದೆ. ಅವು ಚೀಲಕ್ಕೆ ಬಾಯಿ ಹಾಕಿದರೆ? ಆದ್ದರಿಂದ ಗಾಜಿನ ಚೂರುಗಳನ್ನು, ಜೊತೆಗೆ ಹಳೆಯ ಎರಡು ಬ್ಲೇಡುಗಳನ್ನು, ಚೀಲದ ಸರಿಯಾಗಿ ನಡುವೆ ಇಟ್ಟರು. ಕೆಳಗೆ ಬಾಳೆಕಾಯಿ ಸಿಪ್ಪೆ, ಮೇಲೆ ಹಲಸಿನ ಗುಜ್ಜೆಯ ಸಿಪ್ಪೆ, ಸುತ್ತ ಹಾಲಿನ ಪ್ಯಾಕೆಟ್ಟು. ಯಾವ ಪ್ರಾಣಿಯ ಮೂತಿಯೂ ಅಲ್ಲಿಗೆ ಮುಟ್ಟಲಾರದು. ಮೇಲೆ ಏಳು ಗಂಟು. ಅವರ ಮನಸ್ಸಿಗೆ ನೆಮ್ಮದಿಯಾಯಿತು.

ಶುಕ್ರವಾರ ಗಾಡಿ ಬಂದಾಗ ಚೀಲದಿಂದ ನೀರು ಸೋರುತ್ತಿತ್ತು. ಹಾಗೆಯೇ ಹಾಕಿದರೆ ಬೇರೆಯವರು ಒಣಗಿಸಿ ಕೊಟ್ಟ ಕಾಗದವೆಲ್ಲ ಒದ್ದೆ. ಜಸೀಲಾ ಎದುರು ಮನೆಯ ಗೇಟಿನಲ್ಲಿದ್ದರು. ವಿನೋದಾ ತಾವೇ ಇಳಿದು ಚೀಲ ಬಿಚ್ಚಲು ಕುಳಿತರು. ಕೈಗೆ ಗ್ಲೌಸ್ ಹಾಕಿದ್ದರು. ಆದರೆ ಗ್ಲೌಸ್ ಹಾಕಿದ ಬೆರಳಿಗೆ ಭುಜಬಲಿ ಅವರ ಗಂಟು ಜಗ್ಗಲಿಲ್ಲ. ಬಲಗೈಯ ಗ್ಲೌಸ್ ತೆಗೆದರು. ಗಂಟು ಒಂದೊಂದಾಗಿ ಬಿಚ್ಚಿಕೊಂಡಿತು. ಮೇಲಿನ ಸಿಪ್ಪೆ ತೆಗೆದು, ಹಾಲಿನ ಪ್ಯಾಕೆಟ್ಟು ಎಳೆಯಲು ಕೈ ಒಳಗೆ ಹಾಕಿದರು.

ಅವರು ಕೂಗಲಿಲ್ಲ. "ಜಸೀಲಾ, ಸ್ವಲ್ಪ ಬಾ ಇಲ್ಲಿ" ಎಂದರು.

ಜಸೀಲಾ ಬಂದು ನೋಡಿ, ರಕ್ತ ಸುರಿಯುತ್ತಿದ್ದ ಕೈಗೆ ತಮ್ಮ ಶಾಲನ್ನೇ ಬಿಗಿದು ಕಟ್ಟಿದರು. ಮಜ್ಜಿಗೆ ತಂದ ತ್ರಿಶಲಾ ಲೋಟಗಳನ್ನು ನೆಲಕ್ಕಿಟ್ಟು ಅಲ್ಲೇ ಕುಳಿತುಬಿಟ್ಟರು. ರಂಜಿತ್ ತನ್ನ ಆಟೊದಲ್ಲಿ ವಿನೋದಾ ಅವರನ್ನು ಮೂಡುಬಿದಿರೆಯ ಆಸ್ಪತ್ರೆಗೆ ಕರೆದುಕೊಂಡು ಹೋದ. ಕಸದ ಗಾಡಿ ಸಂಜೆಯವರೆಗೆ ಭುಜಬಲಿ ಅವರ ಗೇಟಿನ ಎದುರೇ ನಿಂತಿತ್ತು. ಆಮೇಲೆ ರಂಜಿತನೇ ಅದನ್ನು ಪಂಚಾಯತಿಗೆ ಮುಟ್ಟಿಸಿದ. ಪಂಚಾಯತಿನಲ್ಲಿ ಅದನ್ನು ಓಡಿಸಲು ಬೇರೆ ಯಾರೂ ಇರಲಿಲ್ಲ.

ಹೆಬ್ಬೆರಳಿನ ಬುಡಕ್ಕೆ ಒಂಬತ್ತು ಹೊಲಿಗೆ ಬಿತ್ತು. ಡಾಕ್ಟರು ಟಿಟಿ ಇಂಜೆಕ್ಷನ್ ಕೊಟ್ಟು, "ನರಕ್ಕೆ ಪೆಟ್ಟಾಗಿದೆ. ಒಂದು ತಿಂಗಳು ಸ್ಟೇರಿಂಗ್ ಮುಟ್ಟಬೇಡಿ. ಹೆಬ್ಬೆರಳಿಗೆ ಹಿಡಿತ ಬಂದರೆ ಗಾಡಿ. ಬಾರದಿದ್ದರೆ ಬೇರೆ ಕೆಲಸ ನೋಡಬೇಕಾದೀತು" ಎಂದರು. ವಿನೋದಾ ಅವರಿಗೆ ಗೊತ್ತಿದ್ದ ಬೇರೆ ಕೆಲಸ ಬೀಡಿ. ಬೀಡಿ ಸುರುಳಿ ಸುತ್ತಲೂ ಅದೇ ಹೆಬ್ಬೆರಳು ಬೇಕು.

ಗಾಡಿ ಬರುವುದು ನಿಂತಿತು. ಮೊದಲ ವಾರ ಊರಿನವರು, "ಬರ್ತದೆ, ಎಲ್ಲಿ ಹೋಗ್ತದೆ" ಎಂದರು. ಎರಡನೆಯ ವಾರ ಗೇಟುಗಳಲ್ಲಿ ಚೀಲಗಳ ಸಂತೆ ನೆರೆಯಿತು. ಕೆಲವರು ಪ್ಲಾಸ್ಟಿಕ್ಕನ್ನು ಬಚ್ಚಲೊಲೆಗೆ ಹಾಕಿ ಸ್ನಾನದ ನೀರು ಕಾಯಿಸಿದರು. ಮಿಂದು ಬಂದವರಿಗೇ ವಾಸನೆ. ಇನ್ನು ಕೆಲವರು ಕತ್ತಲಾಗುವುದನ್ನು ಕಾದು ರಸ್ತೆ ತಿರುವಿಗೆ ಎಸೆದರು. ಅಷ್ಟು ದಿನ ವಾರಕ್ಕೆರಡು ಸಲ ಊರು ತಾನಾಗಿಯೇ ಶುಚಿಯಾಗುತ್ತಿತ್ತು ಎಂದುಕೊಂಡಿದ್ದವರಿಗೆ, ಅದು ತಾನಾಗಿ ಆದದ್ದಲ್ಲ ಎಂದು ಆಗ ತಿಳಿಯಿತು.

ಆ ಭಾನುವಾರ ಭುಜಬಲಿ ಮತ್ತು ತ್ರಿಶಲಾ ಹಣ್ಣು ಹಿಡಿದುಕೊಂಡು ವಿನೋದಾ ಅವರ ಮನೆಗೆ ಹೋದರು. ವಿನೋದಾ ಜಗಲಿಯಲ್ಲಿ ಅಲ್ಯುಮಿನಿಯಂ ಪಾತ್ರೆಯ ಒಂದು ದೊಡ್ಡ ಮುಚ್ಚಳ ಹಿಡಿದು ಕುಳಿತಿದ್ದರು. ಎರಡೂ ಕೈಯಲ್ಲಿ ಹಿಡಿದು, ಬಲಕ್ಕೆ ಎಡಕ್ಕೆ ತಿರುಗಿಸುತ್ತಿದ್ದರು.

"ಎಂತ ಮಾಡ್ತಿದ್ದಿ ಅದು?" ಭುಜಬಲಿ ಕೇಳಿದರು.

"ನಿಮ್ಮ ಮನೆ ಹತ್ತಿರದ ಓಣಿಯಲ್ಲಿ ರಿವರ್ಸ್ ತೆಗೀತಿದ್ದೇನೆ ಅಣ್ಣ. ಎಡಗೈ ಸರಿ ಉಂಟು. ಬಲಗೈ ಅರ್ಧದಲ್ಲಿ ಬಿಟ್ಟುಬಿಡ್ತದೆ."

ಹೇಳುತ್ತಿದ್ದ ಹಾಗೆಯೇ ಮುಚ್ಚಳ ಜಾರಿ ಬಿತ್ತು. ವಿನೋದಾ ಅವರಿಗೆ ಪಾತ್ರೆ ತೊಳೆದುಕೊಡಲು ಬಂದಿದ್ದ ಜಸೀಲಾ ಒಳಗಿನಿಂದ ಬಂದು ಮುಚ್ಚಳವನ್ನು ಎತ್ತಿಕೊಟ್ಟರು.

"ನಾನು ಬೇಕಂತ ಇಟ್ಟದ್ದಲ್ಲ ವಿನೋದಾ," ಎಂದರು ಭುಜಬಲಿ. "ನಾಯಿಗೆ, ದನಕ್ಕೆ ತಾಗ್ಬಾರ್ದು ಅಂತ ನಡುವೆ ಇಟ್ಟದ್ದು. ಒಂದು ಜೀವಕ್ಕೂ ತಾಗ್ಬಾರ್ದು ಅಂತ."

"ತಾಗ್ಲಿಲ್ಲ ಅಣ್ಣ. ನಾಯಿಗೂ ತಾಗ್ಲಿಲ್ಲ, ದನಕ್ಕೂ ತಾಗ್ಲಿಲ್ಲ," ಎಂದರು ಜಸೀಲಾ. "ಮತ್ತೆ ಆ ಚೀಲ ಯಾರು ಬಿಚ್ಚುವುದು ಅಂತ ಗ್ರಹಿಸಿದ್ರಿ ನೀವು?"

"ಮಿಷನ್ ಉಂಟಲ್ಲ ಅಲ್ಲಿ, ಘಟಕದಲ್ಲಿ..."

"ಉಂಟು. ಎರಡು ಉಂಟು. ಒಂದರ ಹೆಸರು ವಿನೋದಾ, ಇನ್ನೊಂದರ ಹೆಸರು ಜಸೀಲಾ. ಒಂದು ಈಗ ರಿಪೇರಿಯಲ್ಲಿ ಉಂಟು."

ಭುಜಬಲಿ ಅವರು ಮಡಂತ್ಯಾರಿನ ಅಂಗಡಿಯಲ್ಲಿ ಮೂವತ್ತೆಂಟು ವರ್ಷ ಯಾವ ಗಿರಾಕಿಯ ಮಾತಿಗೂ ಸೋತವರಲ್ಲ. ಅವರು ತಮ್ಮ ಎರಡೂ ಕೈಗಳನ್ನು ಮಗುಚಿ ನೋಡಿಕೊಂಡರು.

ತ್ರಿಶಲಾ ಮೆಲ್ಲಗೆ ಹೇಳಿದರು: "ಇರುವೆಗೆ ಸುತ್ತು ಹಾಕಿ ಹೋಗ್ತೀರಿ ನೀವು. ಇವಳ ಕೈ ನಮಗೆ ಕಾಣ್ಲೇ ಇಲ್ಲ ಅಲ್ವಾ?"

"ನಿನಗೆ ಹೇಳ್ಲಿಕ್ಕೆ ನನ್ನ ಹತ್ರ ಮಾತಿಲ್ಲ ವಿನೋದಾ," ಎಂದರು ಭುಜಬಲಿ. "ಹೇಗೆ ಕೊಡ್ಬೇಕು, ಅದನ್ನು ಹೇಳು. ಈಗ ಕೇಳ್ತೇನೆ."

ವಿನೋದಾ ಎರಡು ವರ್ಷದಿಂದ ಹೇಳುತ್ತಿದ್ದುದನ್ನೇ ಹೇಳಿದರು. "ಗಾಜು, ಬ್ಲೇಡು, ಒಡೆದ ಬಲ್ಬು ಇದ್ರೆ ನಾಲ್ಕು ಮಡಿಕೆ ಪೇಪರಲ್ಲಿ ಸುತ್ತಿ. ಮುಚ್ಚಳ ಇರುವ ಹಳೇ ಡಬ್ಬಿಗೆ ಹಾಕಿ, ಮೇಲೆ ಕೆಂಪು ಗೀಟು ಎಳೆದು, ನಮ್ಮ ಕೈಗೇ ಕೊಡಿ. ಚೀಲಕ್ಕೆ ಹಾಕ್ಬೇಡಿ. ಪ್ಯಾಡು, ಡೈಪರ್ ಕೂಡ ಪೇಪರಲ್ಲಿ ಸುತ್ತಿ, ಕೆಂಪು ಗೀಟು ಹಾಕಿ ಬೇರೆ ಕೊಡಿ. ಹಾಲಿನ ಪ್ಯಾಕೆಟ್ಟು ಒಂದು ಸಲ ತೊಳೆದು ಒಣಗಿಸಿ. ಆಮೇಲೆ ಚೀಲಕ್ಕೆ ಗಂಟೇ ಬೇಡ ಅಣ್ಣ. ಬಾಯಿ ತೆರೆದೇ ಇರ್ಲಿ, ಒಳಗೆ ಎಂತ ಉಂಟು ಅಂತ ನಮಗೆ ಕಾಣ್ಲಿ."

"ಸಿಪ್ಪೆ?"

"ರಂಜಿತಣ್ಣನ ದನಕ್ಕೆ ಕೊಡಿ."

"ಚಹಾದ ಚರಟ, ಹಾಳಾದ ಪಲ್ಯ, ಅದೆಲ್ಲ ದನಕ್ಕೆ ಆಗ್ಲಿಕ್ಕಿಲ್ಲ."

"ಅದು ತೆಂಗಿನ ಬುಡಕ್ಕೆ. ಮೇಲೆ ಎರಡು ಹಿಡಿ ಮಣ್ಣು, ಒಂದು ಸೋಗೆ. ಹುಳ ಆದ್ರೂ ನೆರಳಲ್ಲಿ ಇರ್ತದೆ, ಬಿಸಿಲಿಗೆ ಸಾಯುವುದಿಲ್ಲ."

ಭುಜಬಲಿ ಇದನ್ನು ಮನಸ್ಸಿನಲ್ಲೇ ತೂಗಿ ನೋಡಿದರು. ಧರ್ಮಕ್ಕೆ ಎಲ್ಲಿಯೂ ಅಡ್ಡ ಬರಲಿಲ್ಲ. "ಅದು ಹೌದು," ಎಂದರು.

ಮರುದಿನದಿಂದ ಅವರಿಗೆ ಹೊಸ ಉದ್ಯೋಗ ಶುರುವಾಯಿತು. ಕಂಕುಳಲ್ಲಿ ಹಳೆಯ ಪೇಪರು, ಕಿಸೆಯಲ್ಲಿ ಕೆಂಪು ಸ್ಕೆಚ್ ಪೆನ್ನು. ಮನೆಮನೆಗೆ ಹೋಗಿ ಗಾಜು ಸುತ್ತುವುದನ್ನು ತೋರಿಸಿದರು. ಕೇಳಲು ಮನಸ್ಸಿಲ್ಲದವರಿಗೂ ತೋರಿಸಿದರು. ರಂಜಿತ್ ಆಟೊ ಒರೆಸುತ್ತಾ ಛೇಡಿಸಿದ: "ಎಂತ ಭುಜಬಲಿ ಅಣ್ಣ, ಪಂಚಾಯತ್ ಎಲೆಕ್ಷನಿಗೆ ನಿಲ್ಲುವ ಅಂದಾಜುಂಟಾ?"

"ನಿಲ್ಲುವುದಿಲ್ಲ. ನೀನು ಗಡ್ಡ ತೆಗೆದ ಬ್ಲೇಡ್ ಎಲ್ಲಿ ಬಿಸಾಡ್ತಿ, ಅದು ಹೇಳು."

ರಂಜಿತ್ ಕಾಂಪೌಂಡಿನ ಆಚೆ ನೋಡಿದ. ಭುಜಬಲಿ ಒಂದು ಖಾಲಿ ಡಬ್ಬಿ ಅವನ ಕೈಗೆ ಕೊಟ್ಟು ಮುಂದಿನ ಮನೆಗೆ ಹೋದರು.

ಐದನೆಯ ವಾರದ ಮಂಗಳವಾರ ಬೆಳಿಗ್ಗೆ ಓಣಿಯ ತುದಿಯಲ್ಲಿ ಗಾಡಿಯ ಸ್ಪೀಕರಿನ ಹಾಡು ಕೇಳಿಸಿತು. ಆ ಹಾಡನ್ನು ಎರಡು ವರ್ಷ ಕೇಳಿಯೂ ಕೇಳದವರು ಈಗ ಗೇಟಿಗೆ ಬಂದು ನಿಂತರು. ಡಾಕ್ಟರು ಹಿಂದಿನ ದಿನ ವಿನೋದಾ ಅವರ ಕೈಯನ್ನು ಅಮುಕಿ, ಮಡಚಿ, ತಿರುಗಿಸಿ ನೋಡಿ, "ಓಡಿಸಿ, ನಿಧಾನಕ್ಕೆ" ಎಂದಿದ್ದರು. ಓಣಿಯಲ್ಲಿ ಗಾಡಿ ತಿರುಗಿಸಲು ಜಾಗ ಇಲ್ಲ, ಹಿಂದಕ್ಕೇ ಬರಬೇಕು. ಎರಡೂ ಬದಿ ಕೆಂಪುಕಲ್ಲಿನ ಗೋಡೆ. ಜಸೀಲಾ ಹಿಂದೆ ನಿಂತು, "ಬರ್ಲಿ, ಬರ್ಲಿ, ಸ್ವಲ್ಪ ಎಡಕ್ಕೆ" ಎನ್ನುತ್ತಿದ್ದರು. ಸ್ಟೇರಿಂಗ್ ಪೂರ್ತಿ ಒಂದು ಸುತ್ತು ಬಂತು. ಬಲಗೈ ಬಿಡಲಿಲ್ಲ. ಗಾಡಿ ಗೋಡೆಗೆ ತಾಗದೆ ಗೇಟಿನ ಎದುರು ನಿಂತಿತು.

ಭುಜಬಲಿ ಬಾಯಿ ತೆರೆದ ಚೀಲವನ್ನೂ ಕೆಂಪು ಗೀಟಿನ ಡಬ್ಬಿಯನ್ನೂ ಜಸೀಲಾ ಅವರ ಕೈಗೆ ಕೊಟ್ಟರು. ಅನಂತರ ಡ್ರೈವರ್ ಸೀಟಿನ ಬಳಿ ಹೋಗಿ ನಿಂತರು. ಉಪಕಾರ ಸ್ಮರಣೆಯನ್ನು ಅವರು ಬಸದಿಯಲ್ಲಿ ಮಾಡಿದ್ದುಂಟು, ರಸ್ತೆಯಲ್ಲಿ ಮಾಡಿ ಅಭ್ಯಾಸವಿರಲಿಲ್ಲ.

"ನೀನು ಬಂದದ್ದು ದೊಡ್ಡ ಉಪಕಾರ ಆಯ್ತು ವಿನೋದಾ. ಬಂದದ್ದು ಮಾತ್ರ ಅಲ್ಲ. ಇಷ್ಟು ದಿನ ಬರ್ತಿದ್ದದ್ದು ಕೂಡ."

"ಉಪಕಾರ ನನಗೇ ಅಣ್ಣ," ಎಂದರು ವಿನೋದಾ. "ಬೀಡಿ ಕಟ್ಟುವಾಗ ಈ ಊರಲ್ಲಿ ನನ್ನ ಹೆಸರು ಗೊತ್ತಿದ್ದವರು ನಾಲ್ಕು ಜನ. ಈಗ ನಡೀಲಿಕ್ಕೆ ಕಲಿಯುವ ಮಕ್ಕಳೂ ವಿನೋದಕ್ಕ ಬಂದ್ರು ಅಂತ ಹೇಳ್ತಾವೆ. ಮನೆಯಲ್ಲಿ ಕೂತಾಗ ನನಗೆ ಹೆದರಿಕೆ ಆದದ್ದು ಅದೇ, ಇದೆಲ್ಲ ಹೋಯ್ತಾ ಅಂತ."

"ಸಾಕು ಮಾತು, ಮಜ್ಜಿಗೆ ಬೆಚ್ಚಗಾಗ್ತದೆ," ಎಂದರು ತ್ರಿಶಲಾ. ಸೆರಗಿನಿಂದ ಕಣ್ಣು ಒರೆಸಿಕೊಂಡದ್ದನ್ನು ಯಾರೂ ಗಮನಿಸದ ಹಾಗೆ ನೋಡಿಕೊಂಡರು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಗೂ ಗಾಡಿ ಬರುತ್ತದೆ. ಬಂಟ್ವಾಳವಾಗಲಿ, ಬೆಳ್ತಂಗಡಿಯಾಗಲಿ, ಮೂಡುಬಿದಿರೆಯಾಗಲಿ, ನೀವು ಕಟ್ಟಿದ ಚೀಲವನ್ನು ಕೊನೆಗೆ ಒಂದು ಕೈ ಬಿಚ್ಚುತ್ತದೆ. ಆ ಕೈಯನ್ನು ನೆನೆದು ಕಸ ಬೇರೆ ಮಾಡಿ. ಹಸಿ ಕಸ ಮನೆಯ ಗಿಡದ ಬುಡದಲ್ಲೇ ಇರಲಿ. ಒಣ ಕಸ ತೊಳೆದು, ಒಣಗಿಸಿ, ಚೀಲದ ಬಾಯಿ ತೆರೆದಿಟ್ಟು ಕೊಡಿ. ಬಚ್ಚಲೊಲೆಗೆ ಪ್ಲಾಸ್ಟಿಕ್ ಹಾಕಬೇಡಿ. ಗಾಜು, ಬ್ಲೇಡು ಇದ್ದರೆ ಸುತ್ತಿ, ಗುರುತು ಹಾಕಿ, ಬಾಯಲ್ಲಿ ಹೇಳಿ ಕೊಡಿ. ಗಾಡಿ ಓಡಿಸುವವರ ಹೆಸರು ಗೊತ್ತಿಲ್ಲದಿದ್ದರೆ ಈ ವಾರ ಕೇಳಿ ತಿಳಿದುಕೊಳ್ಳಿ.

ವಿನೋದಾ ಅವರ ಬಲಗೈಯ ಹೆಬ್ಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ. ಅವರು ಗಾಡಿ ಓಡಿಸುತ್ತಿದ್ದಾರೆ.